ಮಳೆಗಾಲಕ್ಕೆ ಮುನ್ನ: ಮಾನಸಿಕ ಅಸ್ವಸ್ಥರ ಶುಶ್ರೂಷೆ ಮತ್ತು ಮನೆಯ ಆರೈಕೆದಾರರಿಗೆ ನೆರವು

ಕೊಡಗಿನ ಗ್ರಾಮಗಳಲ್ಲಿ ಮೇ ತಿಂಗಳು ಮುಗಿಯುವುದರೊಳಗೆ ಸೌದೆ ಒಟ್ಟಿ, ಅಕ್ಕಿ, ಒಣಮೀನು, ಉಪ್ಪಿನಕಾಯಿಗಳನ್ನು ಕೂಡಿಟ್ಟುಕೊಳ್ಳುವುದು ತಲೆಮಾರುಗಳಿಂದ ನಡೆದುಬಂದ ರೂಢಿ. ಕಕ್ಕಡದ ಮಳೆ ಹಿಡಿಯಿತೆಂದರೆ ಪೇಟೆಗೆ ಹೋಗಿಬರುವುದು ಸುಲಭವಲ್ಲ. ಭಾಗಮಂಡಲದ ಸಂಗಮದಲ್ಲಿ ನೀರು ಏರುತ್ತದೆ. ಕರಡಿಗೋಡು, ಗುಹ್ಯದಂತಹ ನದಿದಂಡೆಯ ಊರುಗಳಲ್ಲಿ ಮನೆ ಬಿಟ್ಟು ಹೋಗಬೇಕಾಗುತ್ತದೆ. ಮರ ಬಿದ್ದ ಕಡೆ ವಿದ್ಯುತ್ತೂ ಇಲ್ಲ, ದೂರವಾಣಿಯೂ ಇಲ್ಲ. ಇಂತಹ ದಿನಗಳಿಗಾಗಿ ಎಲ್ಲವನ್ನೂ ಕೂಡಿಡುವ ಮನೆಗಳು ಮರೆಯುವ ವಸ್ತು ಒಂದಿದೆ. ಅದು ಮಾನಸಿಕ ಕಾಯಿಲೆಗೆ ಚಿಕಿತ್ಸೆ ಪಡೆಯುತ್ತಿರುವ ಸದಸ್ಯರ ಮಾತ್ರೆ.

ಸ್ಕಿಜೋಫ್ರೀನಿಯಾ, ಬೈಪೋಲಾರ್ ಕಾಯಿಲೆ, ತೀವ್ರ ಖಿನ್ನತೆ ಮೊದಲಾದವುಗಳಲ್ಲಿ ಅನೇಕರಿಗೆ ಚಿಕಿತ್ಸೆ ದೀರ್ಘಕಾಲದ್ದು. ಸಕ್ಕರೆ ಕಾಯಿಲೆ, ರಕ್ತದೊತ್ತಡಗಳಂತೆ ಇವನ್ನೂ ಔಷಧದಿಂದ ಹತೋಟಿಯಲ್ಲಿಡಬಹುದು. ಹತೋಟಿಯಲ್ಲಿರುವುದನ್ನೇ ಗುಣವಾಯಿತೆಂದು ತಿಳಿದು ಮಾತ್ರೆ ಬಿಡುವುದರಿಂದ ತೊಂದರೆ ಹುಟ್ಟುತ್ತದೆ. ಈ ಔಷಧಗಳ ವಿಷಯದಲ್ಲಿ ಜನರನ್ನು ದಾರಿ ತಪ್ಪಿಸುವ ಸಂಗತಿಯೆಂದರೆ, ನಿಲ್ಲಿಸಿದ ಮರುದಿನ ಸಾಮಾನ್ಯವಾಗಿ ಏನೂ ಆಗುವುದಿಲ್ಲ. ಜೂನ್‌ನಲ್ಲಿ ಮಾತ್ರೆ ಮುಗಿದವರು ಜುಲೈಯಲ್ಲಿಯೂ ಚೆನ್ನಾಗಿಯೇ ಇರಬಹುದು. ಮಾತ್ರೆ ಬೇಡವಾಗಿತ್ತು ಎಂದು ಮನೆಯವರಿಗೂ ಅನ್ನಿಸಬಹುದು. ಆಮೇಲೆ ನಿದ್ರೆ ಕೆಡುತ್ತದೆ, ಮಾತು ಹೆಚ್ಚುತ್ತದೆ ಅಥವಾ ಪೂರ್ತಿ ನಿಲ್ಲುತ್ತದೆ, ನೆರೆಹೊರೆಯವರ ಮೇಲೆ ಸಂಶಯ ಮೂಡುತ್ತದೆ. ಕಾಫಿ ಕೊಯ್ಲಿಗೆ ಸಿದ್ಧರಾಗಬೇಕಾದ ವೇಳೆಗೆ ಆಸ್ಪತ್ರೆಗೆ ಸೇರಿಸಬೇಕಾದ ಸ್ಥಿತಿ ಬರುತ್ತದೆ. ಕಾರಣ ಮಾತ್ರ ಮಳೆಗಾಲದಲ್ಲಿಯೇ ಆಗಿಹೋಗಿರುತ್ತದೆ.

ಶುಶ್ರೂಷಕರ ಕೆಲಸ ಯಾವುದು

ಮಾನಸಿಕ ಆರೋಗ್ಯ ಸೇವೆ ಎಂದೊಡನೆ ಮನೋವೈದ್ಯರ ನೆನಪಾಗುವುದು ಸಹಜ. ವೈದ್ಯರು ರೋಗಿಯನ್ನು ನೋಡುವುದು ತಿಂಗಳಿಗೊಮ್ಮೆ, ಕೆಲವೇ ನಿಮಿಷ. ಉಳಿದ ದಿನಗಳಲ್ಲಿ ಚಿಕಿತ್ಸೆಯನ್ನು ನಡೆಸುವವರು ಶುಶ್ರೂಷಕರು ಮತ್ತು ಮನೆಯವರು. ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ತಂಡದಲ್ಲಿ ಮನೋವೈದ್ಯರು, ಮನಃಶಾಸ್ತ್ರಜ್ಞರು, ಸಮಾಜ ಕಾರ್ಯಕರ್ತರೊಂದಿಗೆ ಮನೋವೈದ್ಯಕೀಯ ಶುಶ್ರೂಷಕರ ಮತ್ತು ಸಮುದಾಯ ಶುಶ್ರೂಷಕರ ಹುದ್ದೆಗಳನ್ನೂ ಇರಿಸಿರುವುದು ಈ ಕಾರಣಕ್ಕಾಗಿಯೇ.

ರೋಗಿ ಮಾತ್ರೆ ನುಂಗುತ್ತಿದ್ದಾರೆಯೇ ಅಥವಾ ನಾಲಿಗೆಯಡಿ ಇಟ್ಟುಕೊಂಡು ಉಗುಳುತ್ತಿದ್ದಾರೆಯೇ ಎಂಬುದನ್ನು ಗಮನಿಸುವುದು. ಕೈಕಾಲು ಬಿಗಿತ, ನಡುಕ, ಜೊಲ್ಲು ಸುರಿಯುವುದು, ಅತಿ ನಿದ್ರೆ ಇವು ಕಾಯಿಲೆಯಲ್ಲ, ಔಷಧದ ಅಡ್ಡಪರಿಣಾಮ, ವೈದ್ಯರಿಗೆ ತಿಳಿಸಿದರೆ ಪ್ರಮಾಣವನ್ನು ಸರಿಪಡಿಸಬಹುದು ಎಂದು ವಿವರಿಸುವುದು ಅವರ ಕೆಲಸ. ಅನೇಕರು ಮಾತ್ರೆ ಬಿಡುವುದು ಹಠದಿಂದಲ್ಲ, ಈ ಬಿಗಿತವನ್ನು ತಾಳಲಾರದೆ. ಮಾತ್ರೆ ಒಲ್ಲದವರಿಗೆ ಎರಡರಿಂದ ನಾಲ್ಕು ವಾರಗಳಿಗೊಮ್ಮೆ ಕೊಡುವ ಚುಚ್ಚುಮದ್ದು ಸೂಕ್ತವೇ ಎಂದು ವೈದ್ಯರು ನಿರ್ಧರಿಸುತ್ತಾರೆ. ಅದರ ದಿನಾಂಕ ತಪ್ಪದಂತೆ ನೋಡಿಕೊಳ್ಳುವವರು ಶುಶ್ರೂಷಕರು. ಲಿಥಿಯಂ ಸೇವಿಸುವವರಿಗೆ ಕಾಲಕಾಲಕ್ಕೆ ರಕ್ತಪರೀಕ್ಷೆ ಬೇಕು. ವಾಂತಿಭೇದಿಯಾದಾಗ ಆ ಔಷಧ ದೇಹದಲ್ಲಿ ಅಪಾಯದ ಮಟ್ಟಕ್ಕೆ ಏರಬಹುದು ಎಂಬುದು ನೀರು ಕೆಡುವ ಮಳೆಗಾಲದಲ್ಲಿ ಮನೆಯವರಿಗೆ ಗೊತ್ತಿರಲೇಬೇಕಾದ ವಿಷಯ.

ಈ ಶುಶ್ರೂಷೆಯ ತರಬೇತಿಯಲ್ಲಿ ಕರ್ನಾಟಕಕ್ಕೆ ದೀರ್ಘ ಇತಿಹಾಸವಿದೆ. 1954ರಲ್ಲಿ ಬೆಂಗಳೂರಿನಲ್ಲಿ ಸ್ಥಾಪನೆಯಾದ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆಯು ಆರಂಭದ ವರ್ಷಗಳಲ್ಲಿಯೇ ಮನೋವೈದ್ಯಕೀಯ ಶುಶ್ರೂಷೆಯ ಡಿಪ್ಲೊಮಾ ಶಿಕ್ಷಣವನ್ನು ನಡೆಸಿತು. 1974ರಲ್ಲಿ ಆ ಸಂಸ್ಥೆಯೂ ಮಾನಸಿಕ ಆಸ್ಪತ್ರೆಯೂ ಒಂದಾಗಿ ಇಂದಿನ ನಿಮ್ಹಾನ್ಸ್ ರೂಪುಗೊಂಡಿತು. 1980ರ ದಶಕದಲ್ಲಿ ಬಳ್ಳಾರಿ ಜಿಲ್ಲೆಯ ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರಿಗೂ ಆರೋಗ್ಯ ಕಾರ್ಯಕರ್ತರಿಗೂ ತರಬೇತಿ ನೀಡಿ ಹಳ್ಳಿಯಲ್ಲಿಯೇ ಚಿಕಿತ್ಸೆ ಸಾಧ್ಯವೆಂದು ತೋರಿಸಲಾಯಿತು. 1996ರಲ್ಲಿ ದೇಶದಲ್ಲಿ ಆರಂಭವಾದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಬಳ್ಳಾರಿಯೇ ಮಾದರಿ.

ಕೊಡಗಿಗೆ ಇನ್ನೂ ಹತ್ತಿರದ ಉದಾಹರಣೆ ತೀರ್ಥಹಳ್ಳಿ. ಅದೂ ಮಲೆನಾಡು, ಚದುರಿದ ಮನೆಗಳು, ಹೆಚ್ಚು ಮಳೆ. ಅಲ್ಲಿ 2005ರಲ್ಲಿ ನಿಮ್ಹಾನ್ಸ್ ಆರಂಭಿಸಿದ ಕಾರ್ಯದಲ್ಲಿ ಆರೋಗ್ಯ ಕಾರ್ಯಕರ್ತರ ನೆರವಿನಿಂದ ಸ್ಕಿಜೋಫ್ರೀನಿಯಾ ಇರುವವರನ್ನು ಗುರುತಿಸಿ, ಸ್ಥಳದಲ್ಲಿಯೇ ಚಿಕಿತ್ಸೆ ನೀಡಿ, ಅದು ತಪ್ಪದಂತೆ ಬೆನ್ನುಹತ್ತಲಾಯಿತು. ಔಷಧ ಪಡೆದವರಲ್ಲಿ ದಿನನಿತ್ಯದ ಕೆಲಸಗಳನ್ನು ಮಾಡಲಾಗದ ಸ್ಥಿತಿಯು ಚಿಕಿತ್ಸೆಯಿಲ್ಲದೆ ಉಳಿದವರಿಗಿಂತ ಕಡಿಮೆಯಾದುದು ಕಂಡುಬಂದಿತು. ಅನಂತರ ತುಮಕೂರು ಜಿಲ್ಲೆಯ ತುರುವೇಕೆರೆಯಲ್ಲಿಯೂ ಇದೇ ಕ್ರಮವನ್ನು ಅನುಸರಿಸಲಾಯಿತು.

ಮನೆಯಲ್ಲಿ ನೋಡಿಕೊಳ್ಳುವವರು

ಭಾರತದಲ್ಲಿ ಮಾನಸಿಕ ಅಸ್ವಸ್ಥರಲ್ಲಿ ಹೆಚ್ಚಿನವರು ಇರುವುದು ಆಸ್ಪತ್ರೆಗಳಲ್ಲಲ್ಲ, ಮನೆಗಳಲ್ಲಿ. 1950ರ ದಶಕದಲ್ಲಿ ಅಮೃತಸರದ ಮಾನಸಿಕ ಆಸ್ಪತ್ರೆಯಲ್ಲಿ ಡಾ. ವಿದ್ಯಾಸಾಗರ್ ಅವರು ರೋಗಿಗಳೊಂದಿಗೆ ಬಂದ ಕುಟುಂಬದವರಿಗೆ ಆವರಣದಲ್ಲಿಯೇ ಡೇರೆ ಹಾಕಿಸಿ ಉಳಿಸಿಕೊಂಡು, ಅವರನ್ನೂ ಚಿಕಿತ್ಸೆಯಲ್ಲಿ ತೊಡಗಿಸಿದರು. ಪಶ್ಚಿಮ ದೇಶಗಳ ಆಸ್ಪತ್ರೆಗಳು ಕುಟುಂಬವನ್ನು ದೂರವಿಡುತ್ತಿದ್ದ ಕಾಲವದು. ಆ ಪ್ರಯೋಗದಿಂದ ದೇಶದಲ್ಲಿ ಕುಟುಂಬವನ್ನು ಜೊತೆಗಿರಿಸಿಕೊಂಡು ಚಿಕಿತ್ಸೆ ನೀಡುವ ಪದ್ಧತಿಗೆ ಬಲ ಬಂದಿತು. ಆದರೆ ಕುಟುಂಬವಿದೆ ಎಂಬ ಭರವಸೆಯಲ್ಲಿ ಕುಟುಂಬದ ಕಷ್ಟವನ್ನು ಯಾರೂ ಕೇಳದೆ ಹೋದುದೂ ನಿಜ.

ಕೊಡಗಿನಲ್ಲಿ ಈ ಹೊರೆ ಬಹುಪಾಲು ತಾಯಿಯ ಅಥವಾ ಹೆಂಡತಿಯ ಮೇಲಿದೆ. ತೋಟದ ಲೈನ್ ಮನೆಯಲ್ಲಿರುವ ತಾಯಿ ಮಗನನ್ನು ಮಡಿಕೇರಿಗೆ ಕರೆದೊಯ್ದರೆ ಆ ದಿನದ ಕೂಲಿ ಇಲ್ಲ, ಇಬ್ಬರ ಬಸ್ ಖರ್ಚು ಬೇರೆ. ಆಕೆ ಕೆಲಸಕ್ಕೆ ಹೋದರೆ ಮಗನೊಬ್ಬನೇ ಮನೆಯಲ್ಲಿರಬೇಕು. ಕೆಲಸವಿರುವ ಕಡೆಗೆ ಕುಟುಂಬವು ತೋಟದಿಂದ ತೋಟಕ್ಕೆ ಹೋಗುವಾಗ ರೋಗಿಯ ಹೆಸರು ಒಂದು ಆಶಾ ಕಾರ್ಯಕರ್ತೆಯ ಪುಸ್ತಕದಿಂದ ಬಿಟ್ಟುಹೋಗಿ, ಮತ್ತೊಬ್ಬರ ಪುಸ್ತಕಕ್ಕೆ ಸೇರುವುದೇ ಇಲ್ಲ. ಹಾಡಿಗಳಲ್ಲಿ ದಾರಿಯ ದೂರವೇ ದೊಡ್ಡ ಅಡ್ಡಿ. ದೊಡ್ಡ ಮನೆತನಗಳಲ್ಲಿ ಕಷ್ಟ ಬೇರೆ ಬಗೆಯದು: ಕಾಯಿಲೆಯ ಸುದ್ದಿ ಹೊರಬಿದ್ದರೆ ಮನೆಯ ಇತರರ ಮದುವೆಗೆ ತೊಡಕಾದೀತೆಂದು ವರ್ಷಗಟ್ಟಲೆ ಮುಚ್ಚಿಡಲಾಗುತ್ತದೆ, ಔಷಧವನ್ನು ಗುರುತಿನವರಿಲ್ಲದ ದೂರದ ಊರಿನಿಂದ ತರಲಾಗುತ್ತದೆ.

ರಾತ್ರಿ ನಿದ್ರೆಯಿಲ್ಲದೆ ಕಾವಲು ಕುಳಿತವರು ಹಗಲು ಸಿಡುಕುವುದು ಸ್ವಾಭಾವಿಕ. ಆದರೆ ಎಡೆಬಿಡದ ಟೀಕೆ, ಹಗೆತನದ ಮಾತು ಇರುವ ಮನೆಯಲ್ಲಿ ಕಾಯಿಲೆ ಮರುಕಳಿಸುವುದು ಹೆಚ್ಚು ಎಂಬುದು ಲಂಡನ್‌ನಲ್ಲಿಯೂ ನಮ್ಮ ಚಂಡೀಗಢದಲ್ಲಿಯೂ ನಡೆದ ಅಧ್ಯಯನಗಳಿಂದ ತಿಳಿದಿದೆ. ಅಂತಹ ಟೀಕೆ ಚಂಡೀಗಢದ ಕುಟುಂಬಗಳಲ್ಲಿ ಲಂಡನ್‌ಗಿಂತ ಕಡಿಮೆಯಿತ್ತೆಂಬುದು ಸಮಾಧಾನದ ವಿಷಯ. ಸ್ನಾನ ಮಾಡದೆ ಮೂಲೆಯಲ್ಲಿ ಕುಳಿತಿರುವುದು ಸೋಮಾರಿತನವಲ್ಲ, ಕಾಯಿಲೆಯ ಲಕ್ಷಣ ಎಂಬ ಒಂದು ತಿಳಿವಳಿಕೆಯೇ ಎಷ್ಟೋ ಜಗಳಗಳನ್ನು ತಪ್ಪಿಸುತ್ತದೆ. ಶುಶ್ರೂಷಕರು ಮನೆಯವರೊಂದಿಗೆ ಕುಳಿತು ಹೇಳಿಕೊಡುವುದು ಇಂತಹವನ್ನೇ: ರೋಗಿ ಕೇಳುವ ದನಿಗಳ ಬಗ್ಗೆ ವಾದಿಸಬಾರದು, ಒಪ್ಪಿಕೊಂಡಂತೆ ನಟಿಸಲೂ ಬಾರದು, ಒಂದು ಸಲಕ್ಕೆ ಒಂದೇ ಕೆಲಸ ಹೇಳಬೇಕು, ಆರೈಕೆ ಮಾಡುವವರು ತಮ್ಮ ನಿದ್ರೆಯನ್ನು ಸರದಿಯಲ್ಲಾದರೂ ಉಳಿಸಿಕೊಳ್ಳಬೇಕು. ಆರೈಕೆದಾರರಿಗೇ ಖಿನ್ನತೆ ಬರುವುದೂ ಉಂಟು. ಅವರೂ ಚಿಕಿತ್ಸೆ ಕೇಳಬಹುದು ಎಂದು ಹೇಳುವವರು ಬೇಕು.

2018ರ ಆಗಸ್ಟ್‌ನಲ್ಲಿ ಮಕ್ಕಂದೂರು, ಮಾದಾಪುರ, ಹಟ್ಟಿಹೊಳೆ, ಜೋಡುಪಾಲ ಮೊದಲಾದ ಕಡೆ ಗುಡ್ಡ ಜರಿದಾಗಲೂ, ಮರುವರ್ಷ ತೋರದಲ್ಲಿ, 2020ರಲ್ಲಿ ತಲಕಾವೇರಿಯ ಗಜಗಿರಿ ಬೆಟ್ಟದಲ್ಲಿ ಅನಾಹುತಗಳಾದಾಗಲೂ ಮನೆ, ತೋಟ, ಬಂಧುಗಳನ್ನು ಕಳೆದುಕೊಂಡವರ ಮನಸ್ಸಿಗೆ ಆದ ಆಘಾತವನ್ನು ಜಿಲ್ಲೆ ಕಂಡಿದೆ. ಮಳೆಯ ಸದ್ದಿಗೆ ಬೆಚ್ಚುವುದು, ಮತ್ತೆ ಗುಡ್ಡ ಬೀಳುವುದೆಂಬ ಭಯದಲ್ಲಿ ರಾತ್ರಿ ಕಳೆಯುವುದು ಹುಚ್ಚಲ್ಲ. ಆದರೆ ಅದು ತಿಂಗಳುಗಟ್ಟಲೆ ಉಳಿದು ಕೆಲಸವನ್ನೇ ನಿಲ್ಲಿಸಿದರೆ ನೆರವು ಬೇಕು. ಮದ್ಯದ ವಿಷಯವನ್ನೂ ಇಲ್ಲಿಯೇ ಹೇಳಬೇಕು. ನಿತ್ಯ ಅತಿಯಾಗಿ ಕುಡಿಯುವವರಿಗೆ ರಸ್ತೆ ಬಂದ್ ಆಗಿ ಮದ್ಯ ಒಮ್ಮೆಲೇ ಸಿಗದಿದ್ದರೆ ಎರಡು ಮೂರು ದಿನಗಳಲ್ಲಿ ನಡುಕ, ಅಪಸ್ಮಾರ, ಇಲ್ಲದ್ದು ಕಾಣಿಸುವ ಗೊಂದಲ ಉಂಟಾಗಬಹುದು. ಇದನ್ನು ಗಾಳಿ ಸೋಂಕೆಂದು ಭಾವಿಸಿ ಕಾಯುವುದು ಪ್ರಾಣಾಪಾಯಕಾರಿ.

ಕಾನೂನು ಹೇಳುವುದು

2001ರ ಆಗಸ್ಟ್ 6ರಂದು ತಮಿಳುನಾಡಿನ ಎರ್ವಾಡಿಯಲ್ಲಿ ಬೆಂಕಿ ಬಿದ್ದಾಗ, ಸರಪಳಿಯಲ್ಲಿ ಕಟ್ಟಿಹಾಕಿದ್ದ ಕಾರಣ ಓಡಲಾಗದೆ 28 ಮಾನಸಿಕ ಅಸ್ವಸ್ಥರು ಸತ್ತರು. 2018ರ ಮೇ 29ರಿಂದ ಜಾರಿಯಲ್ಲಿರುವ ಮಾನಸಿಕ ಆರೋಗ್ಯ ಆರೈಕೆ ಅಧಿನಿಯಮ, 2017ರ 95ನೇ ಪ್ರಕರಣವು ಯಾವುದೇ ರೀತಿಯಲ್ಲಿ ಸರಪಳಿ ಹಾಕುವುದನ್ನು ನಿಷೇಧಿಸಿದೆ. ಮನೆಯಲ್ಲಿ ಕಟ್ಟಿಹಾಕಿರುವವರು ಕಂಡುಬಂದರೆ ಅಲ್ಲಿ ಕ್ರೌರ್ಯಕ್ಕಿಂತ ಹೆಚ್ಚಾಗಿ ದಿಕ್ಕುತೋಚದ ಸ್ಥಿತಿ ಇರುತ್ತದೆ. ಸದಸ್ಯರು ಬೈದು ಹಿಂತಿರುಗದೆ ಜಿಲ್ಲಾ ತಂಡವನ್ನು ಆ ಮನೆಗೆ ತಲುಪಿಸಬೇಕು. ಬೀದಿಯಲ್ಲಿ ಅಲೆಯುವ ಅಸ್ವಸ್ಥರ ಹೊಣೆ 100ನೇ ಪ್ರಕರಣದಂತೆ ಠಾಣಾಧಿಕಾರಿಯದು. ರಕ್ಷಣೆಗೆ ಪಡೆದವರನ್ನು 24 ಗಂಟೆಯೊಳಗೆ ಹತ್ತಿರದ ಸರ್ಕಾರಿ ಆಸ್ಪತ್ರೆಗೆ ಒಯ್ಯಬೇಕು, ಲಾಕಪ್‌ನಲ್ಲಿ ಇಡುವಂತಿಲ್ಲ. ಆತ್ಮಹತ್ಯೆಗೆ ಯತ್ನಿಸಿದವರು ತೀವ್ರ ಒತ್ತಡದಲ್ಲಿದ್ದರೆಂದೇ 115ನೇ ಪ್ರಕರಣ ಭಾವಿಸುತ್ತದೆ. ಪೊಲೀಸ್ ಕೇಸಿನ ಭಯದಿಂದ ಆಸ್ಪತ್ರೆಗೆ ಒಯ್ಯದಿರುವುದು ಸಲ್ಲದು.

ಮಳೆಗಾಲದ ದೃಷ್ಟಿಯಿಂದ 18ನೇ ಪ್ರಕರಣವು ಮುಖ್ಯವಾದುದು. ಅಗತ್ಯ ಔಷಧಗಳ ಪಟ್ಟಿಯಲ್ಲಿರುವ ಮಾತ್ರೆಗಳು ಸಮುದಾಯ ಆರೋಗ್ಯ ಕೇಂದ್ರ ಮತ್ತು ಅದಕ್ಕಿಂತ ಮೇಲಿನ ಸರ್ಕಾರಿ ಆಸ್ಪತ್ರೆಗಳಲ್ಲಿ ಎಲ್ಲ ಕಾಲದಲ್ಲಿಯೂ ಉಚಿತವಾಗಿ ದೊರೆಯಬೇಕೆಂದು ಅದು ಹೇಳುತ್ತದೆ. ಎಲ್ಲ ಕಾಲ ಎಂಬುದರಲ್ಲಿ ಜುಲೈ ತಿಂಗಳೂ ಸೇರಿದೆ.

ಪಂಚಾಯಿತಿಯ ಕೈಯಲ್ಲಿರುವುದು

ಮೊದಲ ಕೆಲಸ ಮೇ ತಿಂಗಳಲ್ಲಿ. ಆಶಾ ಕಾರ್ಯಕರ್ತೆ, ಸಮುದಾಯ ಆರೋಗ್ಯ ಅಧಿಕಾರಿ ಮತ್ತು ಗ್ರಾಮೀಣ ಪುನರ್ವಸತಿ ಕಾರ್ಯಕರ್ತರೊಂದಿಗೆ ಸದಸ್ಯರು ಕುಳಿತು, ಚಿಕಿತ್ಸೆಯಲ್ಲಿರುವವರ ಮನೆಗಳಲ್ಲಿ ಯಾವುವು ಮಳೆಗೆ ಸಂಪರ್ಕ ಕಳೆದುಕೊಳ್ಳುತ್ತವೆ ಎಂದು ನೋಡಬೇಕು. ಆ ರೋಗಿಗಳಿಗೆ ಹೆಚ್ಚು ದಿನಗಳ ಮಾತ್ರೆ ಒಮ್ಮೆಲೇ ಕೊಡಬಹುದೇ ಎಂಬುದನ್ನು ವೈದ್ಯರೇ ನಿರ್ಧರಿಸಬೇಕು. ಕೇಳುವ ಕೆಲಸ ಮಾತ್ರ ಊರಿನವರದು. ತಾಲ್ಲೂಕು ಆಸ್ಪತ್ರೆಗಳಲ್ಲಿ ಮಂಗಳವಾರ ನಡೆಯುವ ಮನೋಚೈತನ್ಯ ಚಿಕಿತ್ಸಾಲಯದಲ್ಲಿ ಇದನ್ನು ಕೇಳಬಹುದು. ಹೆಚ್ಚು ಮಾತ್ರೆ ಮನೆಯಲ್ಲಿರುವುದರಿಂದ ಅಪಾಯವೂ ಇದೆ. ಸಾಯುವ ಮಾತನ್ನಾಡುವವರಿರುವ ಮನೆಯಲ್ಲಿ ಮಾತ್ರೆಗಳೂ ತೋಟದ ಕೀಟನಾಶಕಗಳೂ ಬೀಗದಲ್ಲಿರಬೇಕು, ಬೀಗದ ಕೈ ಆರೈಕೆದಾರರ ಬಳಿಯಿರಬೇಕು.

ಪಟ್ಟಿ ತಯಾರಿಸುವ ಉತ್ಸಾಹದಲ್ಲಿ ಗ್ರಾಮಸಭೆಯಲ್ಲಿ ಹೆಸರುಗಳನ್ನು ಓದಿದರೆ ಎಲ್ಲವೂ ಕೆಟ್ಟಂತೆ. ರೋಗಿಯ ವಿವರವನ್ನು ಗುಟ್ಟಾಗಿಡುವುದು ಅವರ ಹಕ್ಕು. ಒಮ್ಮೆ ಹೆಸರು ಹೊರಬಿದ್ದ ಊರಿನಲ್ಲಿ ಮುಂದಿನ ಮನೆ ಬಾಗಿಲು ತೆರೆಯುವುದಿಲ್ಲ. ಪಟ್ಟಿ ಆರೋಗ್ಯ ಸಿಬ್ಬಂದಿಯ ಬಳಿಯೇ ಇರಲಿ. ಸಭೆಗೆ ಸಂಖ್ಯೆ ಸಾಕು.

ದೀರ್ಘಕಾಲದ ಮಾನಸಿಕ ಕಾಯಿಲೆಯು 2016ರ ವಿಕಲಚೇತನರ ಹಕ್ಕುಗಳ ಅಧಿನಿಯಮದ ವ್ಯಾಪ್ತಿಯಲ್ಲಿದೆ. ಶೇ 40 ಮತ್ತು ಅದಕ್ಕಿಂತ ಹೆಚ್ಚಿನ ವೈಕಲ್ಯವೆಂದು ಪ್ರಮಾಣೀಕರಿಸಿದರೆ ಗುರುತಿನ ಚೀಟಿ, ಮಾಸಾಶನಗಳಿಗೆ ಅರ್ಜಿ ಸಲ್ಲಿಸಬಹುದು. ಕಾಲು ಇಲ್ಲದವರಿಗೆ ಮಾತ್ರ ಇದು ಅನ್ವಯವೆಂಬ ಭಾವನೆ ಇನ್ನೂ ಹೋಗಿಲ್ಲ. ಪಂಚಾಯಿತಿಯು ವಿಕಲಚೇತನರಿಗಾಗಿ ಮೀಸಲಿಡುವ ಶೇ 5ರ ಅನುದಾನವನ್ನು ಯೋಜಿಸುವಾಗ ಈ ಕುಟುಂಬಗಳನ್ನೂ ಲೆಕ್ಕಕ್ಕೆ ಹಿಡಿದು, ತಪಾಸಣೆಗೆ ಹೋಗಿಬರುವ ಖರ್ಚಿಗೆ ನಿಯಮದಲ್ಲಿ ಅವಕಾಶವಿದೆಯೇ ಎಂದು ಪಂಚಾಯಿತಿ ಅಭಿವೃದ್ಧಿ ಅಧಿಕಾರಿಯೊಂದಿಗೆ ಪರಿಶೀಲಿಸಬೇಕು.

ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಹಗಲಿರುಳು ಉಚಿತವಾಗಿ ಕರೆ ಮಾಡಬಹುದು. ರೋಗಿಯಲ್ಲದೆ ಆರೈಕೆದಾರರೂ ಮಾತನಾಡಬಹುದು. ಆದರೆ ಗಾಳಿಮಳೆಗೆ ಟವರ್ ನಿಂತ ಊರಿನಲ್ಲಿ ಈ ಸಂಖ್ಯೆ ಉಪಯೋಗಕ್ಕೆ ಬಾರದು. ಅಂತಹ ದಿನಗಳಲ್ಲಿ ಯಾರು ಯಾವ ಮನೆಗೆ ನಡೆದು ಹೋಗಿ ನೋಡಿಬರುವರು ಎಂಬುದು ಮೊದಲೇ ತೀರ್ಮಾನವಾಗಿರಬೇಕು. ಮನೆ ಬಿಟ್ಟು ಪರಿಹಾರ ಕೇಂದ್ರಕ್ಕೆ ಹೋಗಬೇಕಾದ ಕುಟುಂಬಗಳು ಮಾತ್ರೆಯ ಪಟ್ಟಿ ಮತ್ತು ಆಸ್ಪತ್ರೆಯ ಚೀಟಿಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಆಧಾರ್ ಚೀಟಿಯೊಂದಿಗೆ ಇಟ್ಟುಕೊಳ್ಳುವಂತೆ ತಿಳಿಸಬೇಕು. ಕೇಂದ್ರದಲ್ಲಿ ಹೆಸರು ಬರೆದುಕೊಳ್ಳುವವರು ನಿತ್ಯ ಸೇವಿಸುವ ಔಷಧ ಯಾವುದಾದರೂ ಇದೆಯೇ ಎಂದು ಎಲ್ಲರನ್ನೂ ಒಂದೇ ರೀತಿ ಕೇಳಲಿ. ಗದ್ದಲ ತಾಳಲಾರದವರಿಗೆ ಶಾಲೆಯ ಕೊನೆಯ ಕೊಠಡಿಯನ್ನು ಬಿಟ್ಟುಕೊಡುವುದಕ್ಕೆ ಯಾವ ಅನುದಾನವೂ ಬೇಕಾಗಿಲ್ಲ.