ನಿಮಗಿದು ಗೊತ್ತೆ? ಕೊಲೆಗತೆಗೆ ಔಷಧ ಪತ್ರಿಕೆಯ ಶಹಬ್ಬಾಸ್!

ಅಗಾಥಾ ಕ್ರಿಸ್ಟಿ ಅವರ ಚೊಚ್ಚಲ ಪತ್ತೇದಾರಿ ಕಾದಂಬರಿ ‘ದ ಮಿಸ್ಟೀರಿಯಸ್ ಅಫೇರ್ ಅಟ್ ಸ್ಟೈಲ್ಸ್’ ಹೊರಬಂದದ್ದು 1920ರಲ್ಲಿ. ಅದಕ್ಕೆ ಸಿಕ್ಕ ವಿಮರ್ಶೆಗಳಲ್ಲಿ ಲೇಖಕಿಗೆ ಬಲು ಖುಷಿ ಕೊಟ್ಟ ಒಂದು, ಸಾಹಿತ್ಯ ಪತ್ರಿಕೆಯದ್ದಲ್ಲ; ಬ್ರಿಟನ್ನಿನ ‘ಫಾರ್ಮಸ್ಯೂಟಿಕಲ್ ಜರ್ನಲ್’ನದ್ದು! ವಿಷದ ವಿವರಗಳನ್ನು ತಿಳಿದು ಬರೆದಿದ್ದಾರೆ ಎಂದು ಅದು ಬೆನ್ನು ತಟ್ಟಿತ್ತು. ತಿಳಿಯದೇ ಇದ್ದೀತೆ? ಮೊದಲ ಮಹಾಯುದ್ಧದ ವೇಳೆ ಟಾರ್ಕಿ ಪಟ್ಟಣದ ಆಸ್ಪತ್ರೆಯಲ್ಲಿ ದಾದಿಯಾಗಿದ್ದ ಕ್ರಿಸ್ಟಿ, ಆಮೇಲೆ ಅಲ್ಲಿನ ಔಷಧ ವಿಭಾಗದಲ್ಲಿ ದುಡಿದು, ಅದರ ಪರೀಕ್ಷೆಯನ್ನೂ ಪಾಸು ಮಾಡಿದ್ದರು. ವಿಷದ ಬಾಟಲಿಗಳ ನಡುವೆ ಕೂತಿದ್ದಾಗಲೇ ಈ ಕಥೆ ಹೊಳೆದದ್ದು. ಕೊಲೆಗೆ ಬಳಕೆಯಾದದ್ದು ಸ್ಟ್ರಿಕ್ನಿನ್. ಅದು ಹೊಟ್ಟೆ ಸೇರಿದ ಬಗೆ ಮಾತ್ರ ಶುದ್ಧ ರಸಾಯನಶಾಸ್ತ್ರ. ಹೇಗೆಂದು ಇಲ್ಲಿ ಹೇಳುವುದಿಲ್ಲ. ಕೊಲೆಗಾರನ ಗುಟ್ಟು ಬಿಟ್ಟುಕೊಡುವ ವಿಮರ್ಶಕನನ್ನು ಪತ್ತೇದಾರಿ ಓದುಗರು ಕ್ಷಮಿಸುವುದು ಕಷ್ಟ!