ಹೆಣ್ಣುಮಕ್ಕಳ ಆಟಕ್ಕೆ ನೋಡುವವರು ಬೇಕು

ಫುಟ್‌ಬಾಲ್ ಪಂದ್ಯ ನಡೆಯಲು ಏನೇನು ಬೇಕು ಎಂದು ಪರೀಕ್ಷೆಯಲ್ಲಿ ಕೇಳಿದರೆ ಉತ್ತರ ಬಹಳ ಸುಲಭ. ತಂಡಕ್ಕೆ ಹನ್ನೊಂದರಂತೆ ಇಪ್ಪತ್ತೆರಡು ಜನ, ಒಬ್ಬ ರೆಫರಿ, ಎರಡು ಕಡೆ ಗೋಲು ಕಂಬ, 410ರಿಂದ 450 ಗ್ರಾಂ ತೂಗುವ, 68ರಿಂದ 70 ಸೆಂಟಿಮೀಟರ್ ಸುತ್ತಳತೆಯ ಒಂದು ಚೆಂಡು. ಪ್ರೇಕ್ಷಕರು ಇರಲೇಬೇಕೆಂದು ಯಾವ ನಿಯಮವೂ ಹೇಳುವುದಿಲ್ಲ. ಆದರೆ ನೋಡುವವರಿಲ್ಲದ ಆಟ ಬಹಳ ದಿನ ಬಾಳುವುದಿಲ್ಲ. ಬಯಲಾಟಕ್ಕೆ ಚಾಪೆ ಹಿಡಿದುಕೊಂಡು ಬರುವವರು ಕಡಿಮೆಯಾದ ಊರುಗಳಲ್ಲಿ ಬಯಲಾಟಕ್ಕೆ ಏನಾಯಿತೆಂಬುದು ನಮ್ಮ ಸೀಮೆಯವರಿಗೆ ಹೊಸದಾಗಿ ಹೇಳಬೇಕಾಗಿಲ್ಲ.

ಪುರುಷರ ಆಟಕ್ಕೆ ಈ ಚಿಂತೆಯಿಲ್ಲ. ಐ.ಪಿ.ಎಲ್. ಬಂದರೆ ಗಂಗಾವತಿಯ ಚಹಾದಂಗಡಿಯಲ್ಲಿ ಕೂರಲು ಜಾಗ ಸಿಗುವುದಿಲ್ಲ. ಆದರೆ ನಮ್ಮದೇ ತಾಲ್ಲೂಕಿನ ಹೆಣ್ಣುಮಕ್ಕಳು ಮಸಾರಿ ನೆಲದ ಮೈದಾನದಲ್ಲಿ ಚೆಂಡಿನ ಹಿಂದೆ ಓಡುತ್ತಿದ್ದರೆ ಗೆರೆಯಾಚೆ ನಿಂತವರನ್ನು ಬೆರಳಲ್ಲಿ ಎಣಿಸಬಹುದು. ದೈಹಿಕ ಶಿಕ್ಷಣ ಶಿಕ್ಷಕರು, ನೀರಿನ ಕ್ಯಾನ್ ಹೊತ್ತು ತಂದ ಇಬ್ಬರು ಹುಡುಗರು, ದಾರಿ ತಪ್ಪಿ ಬಂದ ಒಂದೆರಡು ಆಡು. ಕಳೆದ ಹಲವು ವರ್ಷಗಳಿಂದ ಆ ಎಣಿಕೆಯಲ್ಲಿ ನಾನೂ ಒಬ್ಬ. ಕಲಿಸುವುದು ವಿಜ್ಞಾನ, ಅಂಟಿಕೊಂಡಿರುವುದು ಹುಡುಗಿಯರ ಫುಟ್‌ಬಾಲಿನ ಹುಚ್ಚು.

"ಏನ್ರೀ ಸರ, ಹುಡುಗ್ಯಾರ ಆಟ ನೋಡಾಕ ಕುಷ್ಟಗಿತನ ಹೊಂಟೀರೇನ್ರೀ?" ಎಂದು ಬಸ್ ನಿಲ್ದಾಣದಲ್ಲಿ ಕೇಳುವವರು ಇಂದಿಗೂ ಇದ್ದಾರೆ. ಕೇಳುವ ಧಾಟಿಯಲ್ಲಿ ಸ್ವಲ್ಪ ನಗು, ಸ್ವಲ್ಪ ಅನುಮಾನ ಎರಡೂ ಇರುತ್ತವೆ. ಹುಡುಗರ ಕಬಡ್ಡಿಗೆ ಹೊರಟವರನ್ನು ಯಾರೂ ಹೀಗೆ ಕೇಳುವುದಿಲ್ಲ. ಆ ಅನುಮಾನ ಹೋಗಬೇಕೆಂದರೆ ಒಂದೇ ಉಪಾಯ: ನೋಡಲು ಹೋಗುವವರು ಒಬ್ಬರಲ್ಲ, ನೂರು ಜನರಾಗಬೇಕು. ಅವರಲ್ಲಿ ತಾಯಂದಿರೂ ಅಕ್ಕಂದಿರೂ ಇರಬೇಕು.

ಐವತ್ತಮೂರು ಸಾವಿರ ಜನ ಮತ್ತು ಒಂದು ನಿಷೇಧ

ಹೆಂಗಸರ ಫುಟ್‌ಬಾಲನ್ನು ಜನ ನೋಡುವುದಿಲ್ಲ ಎಂಬ ಮಾತು ಹಳೆಯದು. ಅದು ಸುಳ್ಳೆಂಬುದಕ್ಕೆ ಇರುವ ಸಾಕ್ಷಿ ಅದಕ್ಕಿಂತ ಹಳೆಯದು. ಮೊದಲನೆಯ ಮಹಾಯುದ್ಧದ ಕಾಲದಲ್ಲಿ ಇಂಗ್ಲೆಂಡಿನ ಗಂಡಸರು ಯುದ್ಧಭೂಮಿಗೆ ಹೋದಾಗ ಕಾರ್ಖಾನೆಗಳಲ್ಲಿ ಮದ್ದುಗುಂಡು ತಯಾರಿಸಿದವರು ಹೆಂಗಸರು. ಊಟದ ಬಿಡುವಿನಲ್ಲಿ ಅವರು ಚೆಂಡು ಒದೆಯತೊಡಗಿದರು. ಪ್ರೆಸ್ಟನ್ ನಗರದ ಡಿಕ್, ಕರ್ ಕಾರ್ಖಾನೆಯ ಹೆಂಗಸರ ತಂಡ ಹೀಗೆ ಹುಟ್ಟಿತು. 1920ರ ಡಿಸೆಂಬರ್ 26ರಂದು ಲಿವರ್‌ಪೂಲಿನ ಗುಡಿಸನ್ ಪಾರ್ಕಿನಲ್ಲಿ ಈ ತಂಡದ ಆಟ ನೋಡಲು ಸೇರಿದವರು ಸುಮಾರು 53,000 ಜನ. ಒಳಗೆ ಜಾಗ ಸಿಗದೆ ಸಾವಿರಾರು ಮಂದಿ ಹೊರಗೇ ಉಳಿದರು.

ಮರುವರ್ಷವೇ, 1921ರ ಡಿಸೆಂಬರ್ 5ರಂದು, ಇಂಗ್ಲೆಂಡಿನ ಫುಟ್‌ಬಾಲ್ ಸಂಸ್ಥೆ ಈ ಆಟ ಹೆಂಗಸರಿಗೆ ತಕ್ಕುದಲ್ಲವೆಂದು ತೀರ್ಮಾನಿಸಿ, ತನ್ನ ಸದಸ್ಯ ಕ್ಲಬ್ಬುಗಳ ಮೈದಾನಗಳಲ್ಲಿ ಅವರಿಗೆ ಅವಕಾಶ ಕೊಡಬಾರದೆಂದು ನಿಷೇಧ ಹಾಕಿತು. ಇಲ್ಲಿ ಗಮನಿಸಬೇಕಾದ ಅಂಶವೊಂದಿದೆ. ಚೆಂಡನ್ನು ಯಾರೂ ಕಸಿದುಕೊಳ್ಳಲಿಲ್ಲ, ಮೈದಾನವನ್ನು ಕಸಿದುಕೊಂಡರು. ಮೈದಾನ ಹೋದ ಮೇಲೆ ಪ್ರೇಕ್ಷಕರು ಹೋದರು, ಪ್ರೇಕ್ಷಕರು ಹೋದ ಮೇಲೆ ದುಡ್ಡು ಹೋಯಿತು. ಆಮೇಲೆ, "ಹೆಂಗಸರ ಆಟಕ್ಕೆ ಜನ ಎಲ್ಲಿ ಬರುತ್ತಾರೆ?" ಎಂಬ ಪ್ರಶ್ನೆಯನ್ನು ಕೇಳುವುದು ಸುಲಭವಾಯಿತು. ನಿಷೇಧ ತೆರವಾದದ್ದು 1971ರಲ್ಲಿ, ಅರ್ಧ ಶತಮಾನದ ನಂತರ. ಮುಂದೆ 2022ರ ಏಪ್ರಿಲ್ 22ರಂದು ಬಾರ್ಸಿಲೋನಾದಲ್ಲಿ ನಡೆದ ಮಹಿಳಾ ಕ್ಲಬ್ಬುಗಳ ಪಂದ್ಯಕ್ಕೆ 91,648 ಜನ ಸೇರಿದರು. ಬಾಗಿಲು ತೆರೆದರೆ ಜನ ಬರುತ್ತಾರೆ.

ನಮ್ಮ ದೇಶದ ಕಥೆ

ಭಾರತದಲ್ಲಿ ಮಹಿಳಾ ಫುಟ್‌ಬಾಲಿಗೆ ಒಂದು ಸಂಘಟನೆ ಹುಟ್ಟಿದ್ದು 1975ರಲ್ಲಿ. ಆರಂಭದ ವರ್ಷಗಳಲ್ಲಿ ಅದು ರಾಷ್ಟ್ರೀಯ ಫುಟ್‌ಬಾಲ್ ಫೆಡರೇಷನ್ನಿನ ಹೊರಗೇ ಇತ್ತು. ಒಳಗೆ ಸೇರಿದ್ದು ತೊಂಬತ್ತರ ದಶಕದಲ್ಲಿ. ದುಡ್ಡಿಲ್ಲದ ಆ ದಿನಗಳಲ್ಲಿಯೇ ನಮ್ಮವರು 1979ರ ಏಷ್ಯಾ ಚಾಂಪಿಯನ್‌ಷಿಪ್ಪಿನಲ್ಲಿ ಎರಡನೆಯ ಸ್ಥಾನ ಪಡೆದರು. 1980ರ ಜನವರಿಯಲ್ಲಿ ನಡೆದ ಆ ಕೂಟಕ್ಕೆ ಮನೆಯಂಗಳವಾಗಿದ್ದದ್ದು ಪಕ್ಕದ ಕೇರಳದ ಕೋಯಿಕ್ಕೋಡ್. 1983ರಲ್ಲಿ ಮತ್ತೊಮ್ಮೆ ಎರಡನೆಯ ಸ್ಥಾನ. ಬೆಂಗಳೂರಿನ ಚಿತ್ರಾ ಗಂಗಾಧರನ್ ಭಾರತದ ಪರವಾಗಿ ಆಡಿದ್ದು ಆ ಕಾಲದಲ್ಲೇ. ನಮ್ಮ ರಾಜ್ಯದ ಎಷ್ಟು ಶಾಲೆಗಳ ಗೋಡೆಯ ಮೇಲೆ ಈ ಹೆಸರಿದೆ?

ಮಣಿಪುರದ ಬೆಂಬೆಂ ದೇವಿ ಚಿಕ್ಕವಳಿದ್ದಾಗ ಹುಡುಗನ ಹೆಸರು ಹೇಳಿಕೊಂಡು ಹುಡುಗರ ತಂಡದಲ್ಲಿ ಆಡಿದವಳು. ಮುಂದೆ ಭಾರತ ತಂಡದ ನಾಯಕಿಯಾದಳು. 2017ರಲ್ಲಿ ಅರ್ಜುನ ಪ್ರಶಸ್ತಿ, 2020ರಲ್ಲಿ ಪದ್ಮಶ್ರೀ ಅವಳಿಗೆ ಬಂದವು. 2025ರ ಜುಲೈ 5ರಂದು ಚಿಯಾಂಗ್ ಮಾಯ್‌ನಲ್ಲಿ ಥಾಯ್ಲೆಂಡನ್ನು ಅವರ ನೆಲದಲ್ಲೇ 2-1ರಿಂದ ಸೋಲಿಸಿ ನಮ್ಮ ಮಹಿಳೆಯರು ಏಷ್ಯಾ ಕಪ್ಪಿಗೆ ಅರ್ಹತೆ ಗಳಿಸಿದರು. ಅರ್ಹತಾ ಪಂದ್ಯಗಳನ್ನು ಗೆದ್ದು ಆ ಕೂಟಕ್ಕೆ ಹೋದದ್ದು ಅದೇ ಮೊದಲು. ಎರಡೂ ಗೋಲು ಬಂಗಾಳದ ಸಂಗೀತಾ ಬಾಸ್ಫೋರ್ ಅವರದು. ಆಮೇಲೆ ತರಗತಿಯಲ್ಲಿ ಅವರ ಹೆಸರು ಬರೆದು "ಯಾರಿವರು?" ಎಂದು ಕೇಳಿದೆ. ಉತ್ತರ ಕೊಟ್ಟವಳು ಕೊನೆಯ ಬೆಂಚಿನ ಒಬ್ಬಳೇ. ಅವಳು ನಮ್ಮ ಶಾಲಾ ತಂಡದ ಗೋಲ್‌ಕೀಪರ್.

ಹಂಪಿ ಎಕ್ಸ್‌ಪ್ರೆಸ್ಸಿನ ಅಭಿಮಾನಿ

ಕೊಪ್ಪಳದ ಮನುಷ್ಯನಿಗೆ ದೊಡ್ಡ ಫುಟ್‌ಬಾಲ್ ನೋಡಬೇಕೆಂದರೆ ಹಂಪಿ ಎಕ್ಸ್‌ಪ್ರೆಸ್ ಹತ್ತಬೇಕು. 2020ರಲ್ಲಿ ಇಂಡಿಯನ್ ವಿಮೆನ್ಸ್ ಲೀಗ್‌ನ ಅಂತಿಮ ಸುತ್ತು ಬೆಂಗಳೂರಿನ ಅಶೋಕನಗರದ ಫುಟ್‌ಬಾಲ್ ಕ್ರೀಡಾಂಗಣದಲ್ಲಿ ನಡೆಯಿತು. ಫೈನಲ್ ಫೆಬ್ರವರಿ 14ರಂದು, ಶುಕ್ರವಾರ. ಒಂದು ಸಿ.ಎಲ್. ಬರೆದುಕೊಟ್ಟು ಹೊರಟೆ. ಕೇರಳದ ಗೋಕುಲಂ ತಂಡ ಮಣಿಪುರದ ಕ್ರಿಫ್ಸಾ ತಂಡವನ್ನು 3-2ರಿಂದ ಸೋಲಿಸಿತು. ಆಟ ಮುಗಿಯಲು ಕೆಲವೇ ನಿಮಿಷಗಳಿದ್ದಾಗ ನೇಪಾಳದ ಸಾಬಿತ್ರಾ ಭಂಡಾರಿ ಹೊಡೆದ ಗೋಲು ತೀರ್ಪು ಕೊಟ್ಟಿತು. ಎರಡರಲ್ಲಿ ಯಾವುದೂ ನನ್ನ ತಂಡವಲ್ಲ. ಆದರೂ ಗಂಟಲು ಕಟ್ಟಿಕೊಂಡೇ ವಾಪಸು ರೈಲು ಹತ್ತಿದೆ.

ನನ್ನ ತಂಡವೆಂದು ಹೇಳಿಕೊಳ್ಳುವುದು ಬೆಂಗಳೂರಿನ ಕಿಕ್‌ಸ್ಟಾರ್ಟ್ ಎಫ್.ಸಿ.ಯನ್ನು. ಹೆಸರು ಇಂಗ್ಲಿಷಿನದು, ಆಡುವವರಲ್ಲಿ ಮಣಿಪುರದಿಂದ ಹಿಡಿದು ಹಲವು ರಾಜ್ಯಗಳ ಹುಡುಗಿಯರಿದ್ದಾರೆ; ಆದರೂ ಲೀಗ್ ಪಟ್ಟಿಯಲ್ಲಿ ಕರ್ನಾಟಕದ ಹೆಸರನ್ನು ಹೊತ್ತ ತಂಡಗಳಲ್ಲಿ ಅದೂ ಒಂದು. 2023ರ ಏಪ್ರಿಲ್-ಮೇನಲ್ಲಿ ಅಹಮದಾಬಾದಿನ ಬಿಸಿಲಿನಲ್ಲಿ ಲೀಗ್ ನಡೆದಾಗ ಶಾಲೆಗೆ ಬೇಸಿಗೆ ರಜೆ. ನಮ್ಮ ಮನೆಯ ಪಡಸಾಲೆಯಲ್ಲಿ ಮೊಬೈಲನ್ನು ಚೊಂಬಿಗೆ ಆನಿಸಿಟ್ಟು ತಂಡದ ಆರೇಳು ಹುಡುಗಿಯರು, ಅವರ ತಮ್ಮಂದಿರು, ನನ್ನಾಕೆ ಎಲ್ಲರೂ ಕೂತು ನೋಡುತ್ತಿದ್ದೆವು. ಕಿಕ್‌ಸ್ಟಾರ್ಟ್ ಫೈನಲ್ ತಲುಪಿತು. ಕರ್ನಾಟಕದ ತಂಡವೊಂದು ಈ ಲೀಗ್‌ನ ಫೈನಲ್ ಕಂಡದ್ದು ಅದೇ ಮೊದಲು. ಮೇ 21ರಂದು ಗೋಕುಲಂ ಎದುರು 0-5ರಿಂದ ಸೋತಿತು. ಹುಡುಗಿಯರ ಮುಖ ಬಾಡಿತು. ಒಬ್ಬಳು ಮಾತ್ರ, "ಸರ್ರ, ಐದು ಗೋಲ್ ತಿಂದ್ರೂ ಆಕಿ ಕೊನೀತನ ಓಡೋದು ಬಿಡ್ಲಿಲ್ಲ ನೋಡ್ರಿ" ಎಂದಳು. ನೋಡುವುದರಿಂದ ಆಡುವವರು ಕಲಿಯುವುದು ಇಂಥದ್ದನ್ನೇ.

ನಾಟಿ, ಕ್ರಾಸಿಂಗ್ ಮತ್ತು ಕ್ರೀಡಾಕೂಟ

ಈಗ ನಮ್ಮೂರ ಮೈದಾನಕ್ಕೆ ಬರೋಣ. ಶಾಲಾ ಕ್ರೀಡಾಕೂಟಗಳು ವಲಯ, ತಾಲ್ಲೂಕು, ಜಿಲ್ಲೆ, ವಿಭಾಗ ಎಂದು ಮೆಟ್ಟಿಲು ಹತ್ತುತ್ತ ಹೋಗುತ್ತವೆ. ಖೊಖೊ, ಕಬಡ್ಡಿ, ಥ್ರೋಬಾಲ್‌ಗಳಿಗೆ ಹುಡುಗಿಯರ ತಂಡಗಳು ಧಾರಾಳ. ಫುಟ್‌ಬಾಲಿಗೆ ಮಾತ್ರ ಅಭಾವ. ಎಷ್ಟೋ ಸಲ ತಾಲ್ಲೂಕಿನಲ್ಲಿ ಎದುರಾಳಿ ತಂಡವೇ ಇರುವುದಿಲ್ಲ. ನಮ್ಮವರು ಒಂದು ಚೆಂಡನ್ನೂ ಒದೆಯದೆ ಗೆದ್ದು ಜಿಲ್ಲಾ ಮಟ್ಟಕ್ಕೆ ಹೋಗುತ್ತಾರೆ; ಅಲ್ಲಿ ಮೊದಲ ಬಾರಿ ನಿಜವಾದ ಎದುರಾಳಿಯನ್ನು ಕಂಡು ತಬ್ಬಿಬ್ಬಾಗುತ್ತಾರೆ. ಆಡದೆ ಗೆದ್ದ ಪಂದ್ಯದಂಥ ನಷ್ಟ ಮತ್ತೊಂದಿಲ್ಲ.

ತಂಡ ಏಕೆ ಕಟ್ಟುವುದಿಲ್ಲ? ಕ್ರೀಡಾಕೂಟದ ಕಾಲ ಆಗಸ್ಟ್-ಸೆಪ್ಟೆಂಬರ್. ತುಂಗಭದ್ರೆಯ ಕಾಲುವೆಗೆ ನೀರು ಬಿಟ್ಟು ಗಂಗಾವತಿ ಕಡೆ ಭತ್ತದ ನಾಟಿ ಜೋರಾಗಿರುವ ಕಾಲವೂ ಅದೇ. ಕುಷ್ಟಗಿ, ಯಲಬುರ್ಗಾ ಕಡೆಯ ಬೀಜೋತ್ಪಾದನೆಯ ಹೊಲಗಳಲ್ಲಿ ಕ್ರಾಸಿಂಗ್ ಕೆಲಸಕ್ಕೆ, ಅಂದರೆ ಹೂವಿಂದ ಹೂವಿಗೆ ಪರಾಗ ಮುಟ್ಟಿಸುವ ಕೆಲಸಕ್ಕೆ, ಎಳೆಯ ಬೆರಳುಗಳನ್ನು ಹುಡುಕಿಕೊಂಡು ಬರುತ್ತಾರೆ. ಪರಾಗಸ್ಪರ್ಶದ ಪಾಠವನ್ನು ನಾನು ಹೇಳುವ ಮೊದಲೇ ಕೈಯಾರೆ ಕಲಿತು ಬಂದ ಹುಡುಗಿಯರು ನನ್ನ ತರಗತಿಯಲ್ಲಿದ್ದಾರೆ. ದಿನಗೂಲಿ ಕಣ್ಣಿಗೆ ಕಾಣುತ್ತದೆ, ಆಟದ ಲಾಭ ಕಾಣುವುದಿಲ್ಲ. ತಂದೆತಾಯಿಯರನ್ನು ಬೈದು ಪ್ರಯೋಜನವಿಲ್ಲ.

ಅದಕ್ಕಿಂತ ದೊಡ್ಡ ಕಂದಕ ಎಸ್.ಎಸ್.ಎಲ್.ಸಿ. ಆದ ಮೇಲೆ ಬರುತ್ತದೆ. ಹದಿನೆಂಟು ತುಂಬುವ ಮೊದಲು ಮದುವೆ ಮಾಡುವುದು 2006ರ ಕಾಯಿದೆಯ ಪ್ರಕಾರ ಅಪರಾಧ. ಹಾಗಿದ್ದರೂ ಮಾತುಕತೆ ಹದಿನಾರಕ್ಕೇ ಶುರುವಾಗುವ ಮನೆಗಳಿವೆ. ನಮ್ಮ ತಂಡದ ಒಳ್ಳೆಯ ಮುನ್ನಡೆ ಆಟಗಾರ್ತಿಯೊಬ್ಬಳಿಗೆ ಹೀಗೇ ಗಂಡು ನೋಡಲು ಬರುವವರಿದ್ದರು. ಜಿಲ್ಲಾ ಮಟ್ಟದ ಪಂದ್ಯಕ್ಕೆ ಅವಳ ಅಜ್ಜಿಯನ್ನು ಹೇಗೋ ಒಪ್ಪಿಸಿ ಕರೆತಂದಿದ್ದೆವು. ಮೊಮ್ಮಗಳು ಗೋಲು ಹೊಡೆದಾಗ ಸುತ್ತ ನಿಂತವರು ಚಪ್ಪಾಳೆ ತಟ್ಟಿದ್ದನ್ನು ಮುದುಕಿ ಸುಮ್ಮನೆ ನೋಡಿದಳು. ಊರಿಗೆ ಮರಳಿ, "ಇನ್ನೆರಡು ವರ್ಷ ಕಲೀಲಿ ಬಿಡ್ರಿ, ಮಂದಿ ಆಕಿ ಹೆಸರು ತಗೋತಾರ" ಎಂದಳಂತೆ. ಆ ಹುಡುಗಿ ಪಿಯುಸಿ ಸೇರಿದಳು. ನನ್ನ ಉಪದೇಶದಿಂದ ಆಗದ ಕೆಲಸ ಮೂವತ್ತು ಜನರ ಚಪ್ಪಾಳೆಯಿಂದ ಆಯಿತು.

ವಿಜ್ಞಾನ ಏನು ಹೇಳುತ್ತದೆ?

ಅಭಿಮಾನಿ ಎಂದರೆ ಕೂಗುವವನಷ್ಟೇ ಆಗಬಾರದು. ಸ್ವಲ್ಪ ತಿಳಿದವನೂ ಆಗಬೇಕು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದ 15ರಿಂದ 19 ವರ್ಷದ ಹುಡುಗಿಯರಲ್ಲಿ ನೂರಕ್ಕೆ 59 ಮಂದಿಗೆ ರಕ್ತಹೀನತೆ. ಆಮ್ಲಜನಕವನ್ನು ಸ್ನಾಯುಗಳಿಗೆ ಹೊತ್ತೊಯ್ಯುವುದು ಹಿಮೋಗ್ಲೋಬಿನ್. ಅದೇ ಕಡಿಮೆಯಿದ್ದಾಗ ದ್ವಿತೀಯಾರ್ಧದಲ್ಲಿ ಕಾಲು ಸೋಲುತ್ತದೆ. ಅದನ್ನು ಸೋಮಾರಿತನವೆಂದು ಗದರುವುದು ತಪ್ಪು. ಶಾಲೆಯಲ್ಲಿ ಕೊಡುವ ಕಬ್ಬಿಣಾಂಶದ ಮಾತ್ರೆ, ಶೇಂಗಾ-ಬೆಲ್ಲ, ಹೆಸರುಕಾಳು, ಸೊಪ್ಪಿನ ಪಲ್ಯ, ಜೊತೆಗೆ ಒಂದು ಹೋಳು ನಿಂಬೆ. ಇವೆಲ್ಲ ತರಬೇತಿಯ ಭಾಗವೇ.

ಮೊಣಕಾಲಿನ ಮಾತು ಇನ್ನೊಂದು. ಮೊಣಕಾಲಿನೊಳಗೆ ಎ.ಸಿ.ಎಲ್. ಎಂಬ ಅಸ್ಥಿರಜ್ಜು ಇದೆ. ಫುಟ್‌ಬಾಲ್ ಆಡುವ ಹೆಣ್ಣುಮಕ್ಕಳಲ್ಲಿ ಅದು ಹರಿಯುವ ಸಂಭವ ಗಂಡುಮಕ್ಕಳಿಗಿಂತ ಎರಡು ಮೂರು ಪಟ್ಟು ಹೆಚ್ಚು. ಗರಸು ತುಂಬಿದ ಮೈದಾನ, ಅಣ್ಣನ ಹಳೆಯ ಬೂಟು ಇದ್ದರಂತೂ ಮುಗಿಯಿತು. ಇದಕ್ಕೆ ಖರ್ಚಿಲ್ಲದ ಮದ್ದೊಂದಿದೆ. 'ಫಿಫಾ 11+' ಎಂಬ ಇಪ್ಪತ್ತು ನಿಮಿಷದ ಪೂರ್ವ ವ್ಯಾಯಾಮಕ್ಕೆ ಯಾವ ಸಲಕರಣೆಯೂ ಬೇಡ. ನಾರ್ವೆಯಲ್ಲಿ 13ರಿಂದ 17 ವರ್ಷದ ಹುಡುಗಿಯರ ಮೇಲೆ ನಡೆಸಿ 2008ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಇದರಿಂದ ಗಾಯಗಳು ಸುಮಾರು ಮೂರನೆಯ ಒಂದರಷ್ಟು ತಗ್ಗಿದ್ದವು. ಓಡಿ ನಿಲ್ಲುವುದು, ಒಂಟಿಕಾಲಲ್ಲಿ ತೂಗುವುದು, ಜಿಗಿದು ಮೊಣಕಾಲು ಬಾಗಿಸಿ ಮೆತ್ತಗೆ ಇಳಿಯುವುದು, ಅಷ್ಟೇ. ಕುಂಟಾಬಿಲ್ಲೆ ಆಡಿ ಬೆಳೆದ ಹುಡುಗಿಯರಿಗೆ ಇದೇನು ಕಷ್ಟ?

ಚೆಂಡನ್ನೂ ನೋಡಿಕೊಳ್ಳಬೇಕು. ಬೆಳಿಗ್ಗೆ 20 ಡಿಗ್ರಿಯಲ್ಲಿದ್ದ ಚೆಂಡು ಬಿಸಿಲಿಗೆ ಬಿದ್ದು 40 ಡಿಗ್ರಿ ಮುಟ್ಟಿದರೆ ಒಳಗಿನ ಗಾಳಿಯ ಒಟ್ಟು ಒತ್ತಡ ನೂರಕ್ಕೆ ಏಳರಷ್ಟು ಏರುತ್ತದೆ. ಚೆಂಡು ಕಲ್ಲಾಗುತ್ತದೆ, ತಲೆಯಿಂದ ಹೊಡೆದವಳಿಗೆ ಗೊತ್ತಾಗುತ್ತದೆ. ಅನಿಲ ನಿಯಮವನ್ನು ಕಲಿಸಲು ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಸಿಕ್ಕಿಲ್ಲ. ಚೆಂಡನ್ನು ಬೇವಿನ ಮರದ ನೆರಳಿಗಿಡಿ.

ನೀವೇನು ಮಾಡಬಹುದು?

2023ರ ಜೂನ್ 11ರಿಂದ ಸರ್ಕಾರಿ ಬಸ್ಸಿನಲ್ಲಿ ಹೆಣ್ಣುಮಕ್ಕಳಿಗೆ ಉಚಿತ ಪ್ರಯಾಣ ಬಂದ ಮೇಲೆ ತಂಡದ ಬಸ್ ಚಾರ್ಜಿಗಾಗಿ ಚಂದಾ ಎತ್ತುವುದು ತಪ್ಪಿತು. ಹನ್ನೊಂದು ಜನ ಆಟಗಾರ್ತಿಯರು, ಐದು ಜನ ಕಾದಿರಿಸಿದವರು, ಎಲ್ಲರಿಗೂ ಶೂನ್ಯ ಟಿಕೆಟ್. ನಿರ್ವಾಹಕರು ಹಣ ಕೇಳುವುದು ನನ್ನೊಬ್ಬನನ್ನೇ. ಹುಡುಗಿಯರಿಗೆ ಅದೊಂದು ದೊಡ್ಡ ತಮಾಷೆ. ಉಳಿದ ದುಡ್ಡಿನಲ್ಲಿ ಆಟ ಮುಗಿದ ಮೇಲೆ ಒಗ್ಗರಣಿ-ಮಿರ್ಚಿ. ಅದೇ ಬಸ್ಸು ತಾಯಂದಿರಿಗೂ ಉಚಿತವಲ್ಲವೇ? ಮಗಳ ಆಟಕ್ಕೆ ತಾಯಿ ಬರಲು ಈಗ ಅಡ್ಡಿಯಾಗಿರುವುದು ಟಿಕೆಟ್ಟಲ್ಲ, ಒಂದು ದಿನದ ಕೂಲಿ. ಹೈಸ್ಕೂಲು ಪಂದ್ಯಗಳನ್ನು ಸಂತೆಯ ದಿನ ಮಧ್ಯಾಹ್ನಕ್ಕೆ ಇಟ್ಟರೆ ಅರ್ಧ ಊರು ಹೇಗೂ ಅಲ್ಲಿಯೇ ಇರುತ್ತದೆ. ಸಂಘಟಕರು ಯೋಚಿಸಬಹುದು.

ತಾಲ್ಲೂಕಿಗೆ ನಾಲ್ಕು ಶಾಲೆಗಳು ಹುಡುಗಿಯರ ಫುಟ್‌ಬಾಲ್ ತಂಡ ಕಟ್ಟಿದರೆ ಆಡದೆ ಗೆಲ್ಲುವ ಅವಮಾನ ತಪ್ಪುತ್ತದೆ. ನಿವೃತ್ತ ನೌಕರರು ಒಂದೊಂದು ಜೊತೆ ಬೂಟು ಕೊಡಿಸಬಹುದು. ಪತ್ರಿಕೆಯ ಸ್ಥಳೀಯ ಪುಟದಲ್ಲಿ ಗೆದ್ದ ತಂಡದ ಹೆಸರಿನ ಜೊತೆ ಗೋಲು ಹೊಡೆದವಳ ಹೆಸರೂ ಬರಬಹುದು. ಏನೂ ಆಗದಿದ್ದರೆ, ಬಂದು ಗೆರೆಯಾಚೆ ನಿಲ್ಲಬಹುದು. ಆಟದ ಒಳಮರ್ಮ ತಿಳಿಯದಿದ್ದರೂ ಚಿಂತೆಯಿಲ್ಲ. ಚೆಂಡು ಗೋಲಿನೊಳಗೆ ಹೋದಾಗ ಹುಡುಗಿಯರೇ ಕುಣಿದು ತಿಳಿಸುತ್ತಾರೆ. ಆಗಸ್ಟ್ ಬಂದಾಗ ನಿಮ್ಮ ತಾಲ್ಲೂಕಿನ ಕ್ರೀಡಾಕೂಟದ ದಿನಾಂಕವನ್ನು ಹತ್ತಿರದ ಶಾಲೆಯಲ್ಲಿ ಒಮ್ಮೆ ಕೇಳಿ. ಬರುವಾಗ ಮನೆಯ ಹೆಂಗಸರನ್ನೂ ಕರೆತನ್ನಿ, ಬಿಸಿಲಿಗೆ ಒಂದು ಟವೆಲ್ ಇರಲಿ.