ಗಾಸ್ಪೆಲ್ ಸಂಗೀತ ಮತ್ತು ಅಮೆರಿಕದ ಜನಪ್ರಿಯ ಸಂಸ್ಕೃತಿ

ಗಾಸ್ಪೆಲ್ ಸಂಗೀತವು ಅಮೆರಿಕ ಸಂಯುಕ್ತ ಸಂಸ್ಥಾನದ ಕಪ್ಪು ಜನರ ಚರ್ಚುಗಳಲ್ಲಿ ಬೆಳೆದ ಕ್ರೈಸ್ತ ಭಕ್ತಿಗಾಯನದ ಒಂದು ಪ್ರಕಾರ. 'ಗಾಸ್ಪೆಲ್' ಎಂಬ ಪದಕ್ಕೆ ಸುವಾರ್ತೆ ಅಥವಾ ಶುಭಸಮಾಚಾರ ಎಂದು ಅರ್ಥ. ಗುಲಾಮಗಿರಿಯ ಕಾಲದಲ್ಲಿ ಹುಟ್ಟಿದ 'ಸ್ಪಿರಿಚುವಲ್' ಗೀತೆಗಳು ಇದರ ಪೂರ್ವರೂಪ. 20ನೆಯ ಶತಮಾನದಲ್ಲಿ ಪ್ರಪಂಚದಾದ್ಯಂತ ಹರಡಿದ ರಿದಮ್ ಆಂಡ್ ಬ್ಲೂಸ್, ರಾಕ್ ಆಂಡ್ ರೋಲ್ ಹಾಗೂ ಸೋಲ್ ಸಂಗೀತಗಳು ಇದರಿಂದ ಬಹಳಷ್ಟನ್ನು ಪಡೆದುಕೊಂಡಿವೆ. ಗುಲಾಮರನ್ನು ವಿಧೇಯರನ್ನಾಗಿ ಇರಿಸಲು ಬೋಧಿಸಲಾದ ಧರ್ಮವೇ ಅವರ ಬಾಯಲ್ಲಿ ಬಿಡುಗಡೆಯ ಭಾಷೆಯಾಯಿತು ಎಂಬುದು ಈ ಪರಂಪರೆಯ ವೈಶಿಷ್ಟ್ಯ. ಕ್ರೈಸ್ತ ನಂಬಿಕೆ ಮತ್ತು ಜನಾಂಗೀಯ ಗುರುತು ಇವೆರಡೂ ಸೇರಿ ಒಂದು ದೇಶದ ಜನಪ್ರಿಯ ಸಂಸ್ಕೃತಿಯನ್ನು ಹೇಗೆ ರೂಪಿಸಬಲ್ಲವು ಎಂಬುದಕ್ಕೆ ಇದು ಪ್ರಮುಖ ನಿದರ್ಶನವಾಗಿದೆ.

ಹಿನ್ನೆಲೆ

1619ರಲ್ಲಿ ಸುಮಾರು 20 ಮಂದಿ ಆಫ್ರಿಕನ್ನರನ್ನು ಸೆರೆಯಾಳುಗಳಾಗಿ ಇಂಗ್ಲಿಷರ ವರ್ಜೀನಿಯಾ ವಸಾಹತಿಗೆ ತರಲಾಯಿತು. ಆರಂಭದಲ್ಲಿ ಅನೇಕ ಒಡೆಯರು ತಮ್ಮ ಗುಲಾಮರಿಗೆ ದೀಕ್ಷಾಸ್ನಾನ ಕೊಡಿಸಲು ಹಿಂಜರಿಯುತ್ತಿದ್ದರು. ಕ್ರೈಸ್ತನಾದವನನ್ನು ಗುಲಾಮನನ್ನಾಗಿ ಉಳಿಸಿಕೊಳ್ಳಬಹುದೇ ಎಂಬ ಸಂದೇಹ ಅದಕ್ಕೆ ಕಾರಣವಾಗಿತ್ತು. ದೀಕ್ಷಾಸ್ನಾನದಿಂದ ಗುಲಾಮನ ಸ್ಥಿತಿಯು ಬದಲಾಗುವುದಿಲ್ಲ ಎಂದು 1667ರಲ್ಲಿ ವರ್ಜೀನಿಯಾದ ಶಾಸನಸಭೆಯು ಕಾಯಿದೆ ಮಾಡಿ ಈ ಸಂದೇಹವನ್ನು ನಿವಾರಿಸಿತು.

ಗುಲಾಮರಿಗೆ ನೀಡಲಾಗುತ್ತಿದ್ದ ಧರ್ಮಬೋಧನೆಯಲ್ಲಿ ಯಜಮಾನರಿಗೆ ವಿಧೇಯರಾಗಿರಬೇಕೆಂಬ ಹೊಸ ಒಡಂಬಡಿಕೆಯ ವಚನಗಳಿಗೆ ಪ್ರಾಧಾನ್ಯವಿತ್ತು. ವೆಸ್ಟ್ ಇಂಡೀಸ್ ದ್ವೀಪಗಳ ಗುಲಾಮರಿಗಾಗಿ 1807ರಲ್ಲಿ ಲಂಡನ್ನಿನಲ್ಲಿ ಮುದ್ರಿಸಲಾದ ಬೈಬಲ್ಲಿನ ಆಯ್ದ ಭಾಗಗಳ ಪುಸ್ತಕದಲ್ಲಿ ವಿಮೋಚನಕಾಂಡದ ಬಹುಪಾಲನ್ನು ಕೈಬಿಡಲಾಗಿತ್ತು. ಇಸ್ರಾಯೇಲ್ಯರು ಐಗುಪ್ತದ ದಾಸತ್ವದಿಂದ ಪಾರಾದ ಕಥೆ ಇರುವುದು ಅದೇ ಕಾಂಡದಲ್ಲಿ. 1831ರಲ್ಲಿ ವರ್ಜೀನಿಯಾದಲ್ಲಿ ಬಂಡಾಯವೆದ್ದ ನ್ಯಾಟ್ ಟರ್ನರ್ ಸ್ವತಃ ಧರ್ಮಬೋಧಕನಾಗಿದ್ದನು. ಆ ಬಂಡಾಯದ ನಂತರ ದಕ್ಷಿಣದ ರಾಜ್ಯಗಳು ಕಪ್ಪು ಜನರ ಓದು, ಪ್ರಾರ್ಥನೆ ಮತ್ತು ಸಭೆಗಳ ಮೇಲೆ ಇನ್ನಷ್ಟು ಕಠಿಣ ನಿರ್ಬಂಧಗಳನ್ನು ಹೇರಿದವು.

ಉತ್ತರದಲ್ಲಿ ಸ್ವತಂತ್ರರಾಗಿದ್ದ ಕಪ್ಪು ಜನರು ತಮ್ಮದೇ ಆದ ಸಭೆಗಳನ್ನು ಕಟ್ಟಿಕೊಂಡರು. ಗುಲಾಮಗಿರಿಯಿಂದ ಬಿಡುಗಡೆ ಪಡೆದಿದ್ದ ರಿಚರ್ಡ್ ಆಲೆನ್ 1801ರಲ್ಲಿ ತನ್ನ ಸಭೆಗಾಗಿ ಸ್ತುತಿಗೀತೆಗಳ ಸಂಕಲನವೊಂದನ್ನು ಪ್ರಕಟಿಸಿದನು. ಆತನ ನೇತೃತ್ವದಲ್ಲಿ 1816ರಲ್ಲಿ ಫಿಲಡೆಲ್ಫಿಯಾದಲ್ಲಿ ಆಫ್ರಿಕನ್ ಮೆಥಡಿಸ್ಟ್ ಎಪಿಸ್ಕೋಪಲ್ ಸಭೆಯು ಸ್ಥಾಪನೆಗೊಂಡಿತು. ದಕ್ಷಿಣದ ತೋಟಗಳಲ್ಲಿದ್ದ ಗುಲಾಮರು ಮಾತ್ರ ರಾತ್ರಿಯ ಹೊತ್ತು ಕಾಡಿನ ಮರೆಯಲ್ಲಿ ಗುಟ್ಟಾಗಿ ಸೇರಿ ಪ್ರಾರ್ಥಿಸಬೇಕಾಗಿತ್ತು.

ಸ್ಪಿರಿಚುವಲ್ ಗೀತೆಗಳು

ಬೈಬಲ್ಲಿನ ಪ್ರಸಂಗಗಳನ್ನು ಆಫ್ರಿಕನ್ ಮೂಲದ ಗಾಯನಕ್ರಮದಲ್ಲಿ ಅಳವಡಿಸಿ ಹಾಡಿದ ಗೀತೆಗಳಿಗೆ ಸ್ಪಿರಿಚುವಲ್ ಎಂದು ಹೆಸರು. ಒಬ್ಬನು ಒಂದು ಸಾಲನ್ನು ಎತ್ತಿಕೊಡುವುದು, ಉಳಿದವರು ಉತ್ತರವಾಗಿ ಮತ್ತೊಂದನ್ನು ಹಾಡುವುದು ಇವುಗಳ ಮುಖ್ಯ ಲಕ್ಷಣ. ನಮ್ಮ ಭಜನೆಗಳಲ್ಲಿ ಮುಂದಾಳು ಹಾಡಿದ್ದನ್ನು ಮೇಳದವರು ಎತ್ತಿಕೊಳ್ಳುವ ಕ್ರಮವನ್ನು ಇದು ನೆನಪಿಸುತ್ತದೆ. ಕೈಚಪ್ಪಾಳೆ, ಕಾಲಿನ ತಾಳ ಮತ್ತು ಹಾಡುವಾಗಲೇ ಸಾಲುಗಳನ್ನು ಬೆಳೆಸುತ್ತ ಹೋಗುವ ರೂಢಿ ಇವುಗಳಲ್ಲಿವೆ. ರಚನಕಾರರ ಹೆಸರುಗಳು ಬಹುಮಟ್ಟಿಗೆ ಉಳಿದಿಲ್ಲ.

ಮೋಶೆ, ದಾನಿಯೇಲ, ಯೊರ್ದನ್ ಹೊಳೆ, ಕಾನಾನ್ ದೇಶ ಇವು ಈ ಗೀತೆಗಳಲ್ಲಿ ಮತ್ತೆ ಮತ್ತೆ ಬರುತ್ತವೆ. ಒಡೆಯನ ಕಿವಿಗೆ ಇವು ಪರಲೋಕದ ಮಾತುಗಳು; ಹಾಡುವವರಿಗೆ ಇಹದ ಬಿಡುಗಡೆಯೂ ಹೌದು. ಗುಲಾಮಗಿರಿಯಿಂದ ತಪ್ಪಿಸಿಕೊಂಡು ಬಂದು ಹೆಸರಾಂತ ವಾಗ್ಮಿಯಾದ ಫ್ರೆಡ್ರಿಕ್ ಡಗ್ಲಸ್, ತಾವು ಹಾಡುತ್ತಿದ್ದ ಕಾನಾನ್ ಎಂಬುದು ಗುಲಾಮಗಿರಿ ಇಲ್ಲದ ಉತ್ತರ ದೇಶವೇ ಆಗಿತ್ತೆಂದು ಬರೆದಿದ್ದಾನೆ. ಗುಲಾಮರು ಹಾಡುವುದನ್ನು ಕೇಳಿ ಅವರು ಸುಖವಾಗಿದ್ದಾರೆಂದು ಭಾವಿಸುವುದು ದೊಡ್ಡ ತಪ್ಪು ಎಂದು ಆತನು 1845ರ ತನ್ನ ಆತ್ಮಕಥೆಯಲ್ಲಿ ಸ್ಪಷ್ಟಪಡಿಸಿದ್ದಾನೆ.

ವೇದಿಕೆಯ ಮೇಲೆ ಕಪ್ಪು ಜನರ ಹಾಡು

1830ರ ದಶಕದಿಂದ ಅಮೆರಿಕದಲ್ಲಿ 'ಮಿನ್‌ಸ್ಟ್ರೆಲ್' ಎಂಬ ಪ್ರದರ್ಶನಗಳು ಜನಪ್ರಿಯವಾದವು. ಇವುಗಳಲ್ಲಿ ಬಿಳಿಯ ನಟರು ಮುಖಕ್ಕೆ ಮಸಿ ಬಳಿದುಕೊಂಡು ಕಪ್ಪು ಜನರ ಮಾತು, ನಡೆ ಮತ್ತು ಹಾಡುಗಳನ್ನು ಅಣಕಿಸುತ್ತಿದ್ದರು. ಹೆಚ್ಚಿನ ಬಿಳಿಯರು ವೇದಿಕೆಯ ಮೇಲೆ ಕಂಡಿದ್ದು ಈ ವಿಕೃತ ರೂಪವನ್ನೇ.

ಈ ಚಿತ್ರಣವನ್ನು ಬದಲಿಸಿದ ಕೀರ್ತಿ ಫಿಸ್ಕ್ ಜೂಬಿಲಿ ಸಿಂಗರ್ಸ್ ತಂಡಕ್ಕೆ ಸಲ್ಲುತ್ತದೆ. ಬಿಡುಗಡೆ ಹೊಂದಿದ ಗುಲಾಮರ ಶಿಕ್ಷಣಕ್ಕಾಗಿ 1866ರಲ್ಲಿ ನ್ಯಾಶ್‌ವಿಲ್ ನಗರದಲ್ಲಿ ಆರಂಭವಾದ ಫಿಸ್ಕ್ ವಿದ್ಯಾಸಂಸ್ಥೆಯು ಕೆಲವೇ ವರ್ಷಗಳಲ್ಲಿ ಹಣವಿಲ್ಲದೆ ಮುಚ್ಚುವ ಸ್ಥಿತಿಗೆ ಬಂದಿತು. ಅದರ ಖಜಾಂಚಿಯೂ ಸಂಗೀತ ಶಿಕ್ಷಕನೂ ಆಗಿದ್ದ ಜಾರ್ಜ್ ವೈಟ್ 1871ರ ಅಕ್ಟೋಬರ್‌ನಲ್ಲಿ ಒಂಬತ್ತು ಮಂದಿ ವಿದ್ಯಾರ್ಥಿಗಳ ತಂಡವನ್ನು ಕಟ್ಟಿಕೊಂಡು ಪ್ರವಾಸ ಹೊರಟನು. ಗುಲಾಮಗಿರಿಯ ನೋವನ್ನು ನೆನಪಿಸುವ, ತಮ್ಮ ಹಿರಿಯರಿಗೆ ಪವಿತ್ರವಾಗಿದ್ದ ಗೀತೆಗಳನ್ನು ಹೊರಗಿನವರ ಮುಂದೆ ಹಾಡಲು ವಿದ್ಯಾರ್ಥಿಗಳು ಮೊದಲು ಇಷ್ಟಪಡಲಿಲ್ಲ. ಆದರೆ ಶ್ರೋತೃಗಳ ಮನಸ್ಸನ್ನು ಕರಗಿಸಿದ್ದು ಆ ಗೀತೆಗಳೇ. 1873ರಲ್ಲಿ ಈ ತಂಡವು ಇಂಗ್ಲೆಂಡಿನ ರಾಣಿ ವಿಕ್ಟೋರಿಯಾ ಎದುರು ಹಾಡಿತು. ಪ್ರವಾಸದ ಸಂಪಾದನೆಯಿಂದ ಕಟ್ಟಲಾದ ಜೂಬಿಲಿ ಹಾಲ್ ಇಂದಿಗೂ ಇದೆ. ದಾಸರನ್ನು ಬಿಡುಗಡೆ ಮಾಡಬೇಕೆಂದು ಯಾಜಕಕಾಂಡವು ವಿಧಿಸುವ ಜೂಬಿಲಿ ಸಂವತ್ಸರದಿಂದ ತಂಡದ ಹೆಸರು ಬಂದಿದೆ. ಫಿಸ್ಕ್‌ನಲ್ಲಿಯೇ ಓದಿದ ಚಿಂತಕ ಡಬ್ಲ್ಯೂ. ಇ. ಬಿ. ಡು ಬೊಯ್ಸ್, 1903ರ ತನ್ನ 'ದಿ ಸೋಲ್ಸ್ ಆಫ್ ಬ್ಲ್ಯಾಕ್ ಫೋಕ್' ಕೃತಿಯ ಕೊನೆಯ ಅಧ್ಯಾಯವನ್ನು ಈ ಗೀತೆಗಳಿಗೆ ಮೀಸಲಿಟ್ಟಿದ್ದಾನೆ.

ಶಿಲುಬೆಯ ಎರಡು ಬಳಕೆಗಳು

ಕ್ರೈಸ್ತ ಸಂಕೇತಗಳನ್ನು ಜನಪ್ರಿಯ ಸಂಸ್ಕೃತಿಯೊಳಗೆ ತಂದವರು ಕಪ್ಪು ಜನರು ಮಾತ್ರವಲ್ಲ. ಡಿ. ಡಬ್ಲ್ಯೂ. ಗ್ರಿಫಿತ್ ನಿರ್ದೇಶಿಸಿದ 'ದಿ ಬರ್ತ್ ಆಫ್ ಎ ನೇಷನ್' (1915) ಎಂಬ ಮೂಕಿಚಿತ್ರವು ಕು ಕ್ಲಕ್ಸ್ ಕ್ಲಾನ್ ಎಂಬ ಬಿಳಿಯರ ಹಿಂಸಾತ್ಮಕ ಸಂಘಟನೆಯನ್ನು ವೀರರ ಪಡೆಯಂತೆ ಚಿತ್ರಿಸಿತು. ಚಿತ್ರದ ಕೊನೆಯಲ್ಲಿ ಕ್ರಿಸ್ತನ ಆಕೃತಿಯೂ ಕಾಣಿಸಿಕೊಳ್ಳುತ್ತದೆ. ಅದೇ ವರ್ಷ ಜಾರ್ಜಿಯಾದ ಸ್ಟೋನ್ ಮೌಂಟನ್ ಬೆಟ್ಟದ ಮೇಲೆ ಶಿಲುಬೆಯನ್ನು ಸುಟ್ಟು ಆ ಸಂಘಟನೆಗೆ ಮರುಜೀವ ನೀಡಲಾಯಿತು.

ಹೀಗೆ ಒಂದೇ ಶಿಲುಬೆಯು ಒಬ್ಬರಿಗೆ ಜನಾಂಗೀಯ ಒಡೆತನದ ಗುರುತಾಗಿಯೂ, ಮತ್ತೊಬ್ಬರಿಗೆ ತಮ್ಮಂತೆಯೇ ಅನ್ಯಾಯವಾಗಿ ಹಿಂಸೆಗೊಳಗಾದವನ ಗುರುತಾಗಿಯೂ ಕಂಡಿತು. ದೇವತಾಶಾಸ್ತ್ರಜ್ಞ ಜೇಮ್ಸ್ ಕೋನ್ 2011ರಲ್ಲಿ ಪ್ರಕಟಿಸಿದ 'ದಿ ಕ್ರಾಸ್ ಆಂಡ್ ದಿ ಲಿಂಚಿಂಗ್ ಟ್ರೀ' ಕೃತಿಯಲ್ಲಿ, ಕ್ರಿಸ್ತನನ್ನು ಏರಿಸಿದ ಶಿಲುಬೆಯನ್ನೂ ಕಪ್ಪು ಜನರನ್ನು ಗುಂಪುಗೂಡಿ ನೇಣುಹಾಕುತ್ತಿದ್ದ ಮರಗಳನ್ನೂ ಜೊತೆಗಿಟ್ಟು ವಿಚಾರ ಮಾಡಿದ್ದಾನೆ.

ಗಾಸ್ಪೆಲ್ ಸಂಗೀತದ ಉದಯ

1906ರಲ್ಲಿ ಲಾಸ್ ಏಂಜಲೀಸ್‌ನ ಅಜೂಸಾ ಬೀದಿಯಲ್ಲಿ ವಿಲಿಯಂ ಸೀಮೋರ್ ಎಂಬ ಕಪ್ಪು ಬೋಧಕನ ನೇತೃತ್ವದಲ್ಲಿ ನಡೆದ ಕೂಟಗಳು ಪೆಂಟೆಕೋಸ್ಟಲ್ ಚಳವಳಿಯ ಹರಡುವಿಕೆಗೆ ಕಾರಣವಾದವು. ಈ ಪಂಥದ ಸಭೆಗಳಲ್ಲಿ ಡ್ರಮ್, ಟ್ಯಾಂಬೊರಿನ್, ಗಿಟಾರ್‌ಗಳಿಗೆ ನಿಷೇಧವಿರಲಿಲ್ಲ. ಆವೇಶ ಮತ್ತು ಕುಣಿತಗಳು ಆರಾಧನೆಯ ಭಾಗವೇ ಆಗಿದ್ದವು. ಸುಮಾರು 1910ರಿಂದ 1970ರವರೆಗೆ ದಕ್ಷಿಣದಿಂದ ಸುಮಾರು 60 ಲಕ್ಷ ಕಪ್ಪು ಜನರು ಶಿಕಾಗೊ, ಡೆಟ್ರಾಯಿಟ್ ಮೊದಲಾದ ನಗರಗಳಿಗೆ ವಲಸೆ ಹೋದರು. ಅವರೊಡನೆ ಹಳ್ಳಿಯ ಹಾಡುಗಳೂ ನಗರ ಸೇರಿದವು.

'ಗಾಸ್ಪೆಲ್ ಸಂಗೀತದ ಪಿತಾಮಹ' ಎನಿಸಿದ ಥಾಮಸ್ ಎ. ಡಾರ್ಸಿ (1899–1993) ಮೊದಲು 'ಜಾರ್ಜಿಯಾ ಟಾಮ್' ಎಂಬ ಹೆಸರಿನಲ್ಲಿ ಬ್ಲೂಸ್ ನುಡಿಸುತ್ತಿದ್ದನು. 1932ರಲ್ಲಿ ಹೆರಿಗೆಯ ವೇಳೆ ಪತ್ನಿಯನ್ನೂ, ಅದರ ಬೆನ್ನಲ್ಲೇ ಹಸುಗೂಸನ್ನೂ ಕಳೆದುಕೊಂಡ ದುಃಖದಲ್ಲಿ ಆತನು 'ಟೇಕ್ ಮೈ ಹ್ಯಾಂಡ್, ಪ್ರೆಶಸ್ ಲಾರ್ಡ್' ಎಂಬ ಗೀತೆಯನ್ನು ರಚಿಸಿದನು. ಬ್ಲೂಸ್‌ನ ಲಯ ಮತ್ತು ಸ್ವರವಿನ್ಯಾಸಗಳನ್ನು ಭಕ್ತಿಗೀತೆಗೆ ತಂದ ಆತನ ರಚನೆಗಳನ್ನು ಅನೇಕ ಚರ್ಚುಗಳು ಮೊದಲು ನಿರಾಕರಿಸಿದವು. ಪಾನಗೃಹದ ಸಂಗೀತವು ದೇವಾಲಯವನ್ನು ಪ್ರವೇಶಿಸಿತೆಂಬುದು ಹಿರಿಯರ ಆಕ್ಷೇಪವಾಗಿತ್ತು.

ಸಿಸ್ಟರ್ ರೊಸೆಟ್ಟಾ ಥಾರ್ಪ್ (1915–1973) ಎಲೆಕ್ಟ್ರಿಕ್ ಗಿಟಾರ್ ನುಡಿಸುತ್ತ ಭಕ್ತಿಗೀತೆಗಳನ್ನು ರಾತ್ರಿ ಕ್ಲಬ್ಬುಗಳಲ್ಲಿಯೂ ಹಾಡಿದಳು. ಇದಕ್ಕಾಗಿ ಚರ್ಚಿನವರ ಟೀಕೆಗೆ ಗುರಿಯಾದ ಆಕೆಯ ಶೈಲಿಯು ಮುಂದಿನ ರಾಕ್ ಕಲಾವಿದರಿಗೆ ಮಾದರಿಯಾಯಿತು. 2018ರಲ್ಲಿ, ಆಕೆ ತೀರಿಕೊಂಡ 45 ವರ್ಷಗಳ ನಂತರ, ರಾಕ್ ಆಂಡ್ ರೋಲ್ ಹಾಲ್ ಆಫ್ ಫೇಮ್ ಆಕೆಯನ್ನು ಸೇರಿಸಿಕೊಂಡಿತು. ಇದಕ್ಕೆ ವಿರುದ್ಧವಾಗಿ ಮಹಾಲಿಯಾ ಜ್ಯಾಕ್ಸನ್ (1911–1972) ಪ್ರಸಿದ್ಧಿಯ ಶಿಖರದಲ್ಲಿಯೂ ಲೌಕಿಕವಾದ ಬ್ಲೂಸ್ ಹಾಡಲು ಒಪ್ಪಲಿಲ್ಲ.

ಚರ್ಚಿನಿಂದ ಮಾರುಕಟ್ಟೆಗೆ

ಅಮೆರಿಕದ ಧ್ವನಿಮುದ್ರಣ ಕಂಪನಿಗಳು 1920ರ ದಶಕದಿಂದ ಕಪ್ಪು ಕಲಾವಿದರ ತಟ್ಟೆಗಳನ್ನು 'ರೇಸ್ ರೆಕಾರ್ಡ್ಸ್' ಎಂಬ ಪ್ರತ್ಯೇಕ ಪಟ್ಟಿಯಲ್ಲಿ ಮಾರುತ್ತಿದ್ದವು. 1949ರಲ್ಲಿ ಬಿಲ್‌ಬೋರ್ಡ್ ಪತ್ರಿಕೆಯು ಈ ಹೆಸರನ್ನು ಕೈಬಿಟ್ಟು 'ರಿದಮ್ ಆಂಡ್ ಬ್ಲೂಸ್' ಎಂಬುದನ್ನು ಬಳಕೆಗೆ ತಂದಿತು.

1950ರ ದಶಕದಲ್ಲಿ ಗಾಸ್ಪೆಲ್ ಶೈಲಿಯು ಲೌಕಿಕ ಗೀತೆಗಳಿಗೆ ನೇರವಾಗಿ ಹರಿದು ಬಂದಿತು. ರೇ ಚಾರ್ಲ್ಸ್‌ನ 'ಐ ಗಾಟ್ ಎ ವುಮನ್' (1954) ಗೀತೆಯು ಒಂದು ಗಾಸ್ಪೆಲ್ ಗೀತೆಯ ಧಾಟಿಯನ್ನು ಆಧರಿಸಿದೆ. ದೇವರನ್ನು ಕುರಿತ ಹಾಡಿನ ಧಾಟಿಯಲ್ಲಿ ಪ್ರೇಯಸಿಯನ್ನು ಹೊಗಳಿದ್ದು ಅನೇಕ ಭಕ್ತರಿಗೆ ನೋವುಂಟುಮಾಡಿತು. ಬೋಧಕನ ಮಗನಾಗಿದ್ದ ಸ್ಯಾಮ್ ಕುಕ್, ಸೋಲ್ ಸ್ಟಿರರ್ಸ್ ಎಂಬ ಗಾಸ್ಪೆಲ್ ತಂಡದ ಪ್ರಧಾನ ಗಾಯಕನಾಗಿದ್ದನು. ತನ್ನ ಮೊದಲ ಲೌಕಿಕ ಗೀತೆಯನ್ನು ಆತನು 1956ರಲ್ಲಿ ಬೇರೊಂದು ಹೆಸರಿನಲ್ಲಿ ಹೊರತಂದನು. ಮರುವರ್ಷ 'ಯೂ ಸೆಂಡ್ ಮಿ' ಗೀತೆಯಿಂದ ದೇಶದಾದ್ಯಂತ ಪ್ರಸಿದ್ಧನಾದನು.

ಡೆಟ್ರಾಯಿಟ್‌ನ ಪ್ರಸಿದ್ಧ ಬ್ಯಾಪ್ಟಿಸ್ಟ್ ಸಭಾಪಾಲಕ ಸಿ. ಎಲ್. ಫ್ರ್ಯಾಂಕ್ಲಿನ್‌ನ ಮಗಳಾದ ಅರೀತಾ ಫ್ರ್ಯಾಂಕ್ಲಿನ್ ತಂದೆಯ ಚರ್ಚಿನಲ್ಲಿ ಹಾಡುತ್ತ ಬೆಳೆದಳು. 'ಸೋಲ್ ರಾಣಿ' ಎಂದು ಖ್ಯಾತಳಾದ ನಂತರ, 1972ರ ಜನವರಿಯಲ್ಲಿ ಲಾಸ್ ಏಂಜಲೀಸ್‌ನ ಚರ್ಚೊಂದರಲ್ಲಿ 'ಅಮೇಜಿಂಗ್ ಗ್ರೇಸ್' ಎಂಬ ಗಾಸ್ಪೆಲ್ ಆಲ್ಬಮ್ ಅನ್ನು ಧ್ವನಿಮುದ್ರಿಸಿದಳು. ಆಲ್ಬಮ್ಮಿಗೆ ಹೆಸರು ಕೊಟ್ಟ ಸ್ತುತಿಗೀತೆಯನ್ನು ಬರೆದವನು 18ನೆಯ ಶತಮಾನದ ಇಂಗ್ಲಿಷ್ ಪಾದ್ರಿ ಜಾನ್ ನ್ಯೂಟನ್. ಪಾದ್ರಿಯಾಗುವುದಕ್ಕೆ ಮುನ್ನ ಆತನು ಗುಲಾಮರನ್ನು ಸಾಗಿಸುವ ಹಡಗುಗಳ ಕಪ್ತಾನನಾಗಿದ್ದನು.

ಬಿಳಿಯ ಕಲಾವಿದರ ಮೇಲೂ ಈ ಸಂಗೀತದ ಪ್ರಭಾವ ಗಾಢವಾಗಿದೆ. ಪೆಂಟೆಕೋಸ್ಟಲ್ ಕುಟುಂಬದಲ್ಲಿ ಬೆಳೆದ ಎಲ್ವಿಸ್ ಪ್ರೀಸ್ಲಿಗೆ ಸ್ಪರ್ಧೆಯಲ್ಲಿ ದೊರೆತ ಮೂರು ಗ್ರ್ಯಾಮಿ ಪ್ರಶಸ್ತಿಗಳೂ ಭಕ್ತಿಗೀತೆಗಳಿಗೇ ಸಂದವು. ಕಪ್ಪು ಜನರು ರೂಪಿಸಿದ ಶೈಲಿಯಿಂದ ಬಿಳಿಯ ಗಾಯಕರು ಮತ್ತು ಕಂಪನಿಗಳು ಹೆಚ್ಚಿನ ಲಾಭ ಪಡೆದರೆಂಬ ಟೀಕೆ ಅಂದಿನಿಂದಲೂ ಇದೆ.

ನಾಗರಿಕ ಹಕ್ಕುಗಳ ಚಳವಳಿ

1950 ಮತ್ತು 60ರ ದಶಕಗಳ ನಾಗರಿಕ ಹಕ್ಕುಗಳ ಚಳವಳಿಗೆ ಕಪ್ಪು ಜನರ ಚರ್ಚುಗಳೇ ಸಭಾಂಗಣಗಳಾದವು; ಅಲ್ಲಿನ ಹಾಡುಗಳೇ ಮೆರವಣಿಗೆಯ ಹಾಡುಗಳಾದವು. ಬ್ಯಾಪ್ಟಿಸ್ಟ್ ಸಭಾಪಾಲಕರಾಗಿದ್ದ ಮಾರ್ಟಿನ್ ಲೂಥರ್ ಕಿಂಗ್, ಭಾನುವಾರ ಬೆಳಿಗ್ಗೆ ಆರಾಧನೆಯ ವೇಳೆಯೇ ಕ್ರೈಸ್ತ ಅಮೆರಿಕದಲ್ಲಿ ಅತ್ಯಂತ ಹೆಚ್ಚು ವರ್ಣಪ್ರತ್ಯೇಕತೆ ಕಾಣುವ ವೇಳೆ ಎಂದು ಹೇಳುತ್ತಿದ್ದರು. 1963ರ ಆಗಸ್ಟ್ 28ರಂದು ವಾಷಿಂಗ್ಟನ್‌ನಲ್ಲಿ ಅವರು ತಮ್ಮ ಪ್ರಸಿದ್ಧ ಭಾಷಣ ಮಾಡುವ ಮೊದಲು ಮಹಾಲಿಯಾ ಜ್ಯಾಕ್ಸನ್ ಹಾಡಿದಳು. 1968ರಲ್ಲಿ ಕಿಂಗ್ ಹತ್ಯೆಯಾದಾಗ ಅವರ ಅಂತ್ಯಕ್ರಿಯೆಯಲ್ಲಿ ಆಕೆ ಹಾಡಿದ್ದು ಡಾರ್ಸಿಯ 'ಪ್ರೆಶಸ್ ಲಾರ್ಡ್' ಗೀತೆಯನ್ನು.

ಚರ್ಚು ಆಶ್ರಯವಾಗಿದ್ದಂತೆಯೇ ದ್ವೇಷಕ್ಕೆ ಗುರಿಯೂ ಆಯಿತು. 1963ರ ಸೆಪ್ಟೆಂಬರ್ 15ರಂದು ಬರ್ಮಿಂಗ್‌ಹ್ಯಾಮ್‌ನ ಬ್ಯಾಪ್ಟಿಸ್ಟ್ ಚರ್ಚಿನಲ್ಲಿ ಬಿಳಿಯ ಜನಾಂಗವಾದಿಗಳು ಇಟ್ಟ ಬಾಂಬಿಗೆ ನಾಲ್ವರು ಬಾಲಕಿಯರು ಬಲಿಯಾದರು. ಜಾನ್ ಕೋಲ್ಟ್ರೇನ್‌ನ 'ಅಲಬಾಮಾ' ಎಂಬ ಜಾಝ್ ರಚನೆ ಈ ದುರಂತಕ್ಕೆ ನೀಡಿದ ಪ್ರತಿಕ್ರಿಯೆ. ನೀನಾ ಸಿಮೋನ್ ತನ್ನ ಮೊದಲ ಪ್ರತಿಭಟನಾ ಗೀತೆಯನ್ನು ಬರೆದದ್ದೂ ಇದೇ ಸಂದರ್ಭದಲ್ಲಿ. 2015ರ ಜೂನ್ 17ರಂದು ಚಾರ್ಲ್ಸ್‌ಟನ್‌ನ ಇಮ್ಯಾನುಯೆಲ್ ಚರ್ಚಿನಲ್ಲಿ ಬೈಬಲ್ ಅಧ್ಯಯನಕ್ಕೆ ಸೇರಿದ್ದ ಒಂಬತ್ತು ಮಂದಿಯನ್ನು ಬಿಳಿಯ ಯುವಕನೊಬ್ಬನು ಗುಂಡಿಟ್ಟು ಕೊಂದನು. ಅಲ್ಲಿನ ಸಭಾಪಾಲಕರ ಅಂತ್ಯಕ್ರಿಯೆಯಲ್ಲಿ ಅಧ್ಯಕ್ಷ ಬರಾಕ್ ಒಬಾಮ ಭಾಷಣದ ನಡುವೆ 'ಅಮೇಜಿಂಗ್ ಗ್ರೇಸ್' ಹಾಡಿದರು.

ಭಾರತದೊಡನೆ ಸಂಬಂಧ

ಕಪ್ಪು ಅಮೆರಿಕನ್ ಧರ್ಮಚಿಂತಕ ಹೊವಾರ್ಡ್ ಥರ್ಮನ್ 1935–36ರಲ್ಲಿ ಭಾರತ ಮತ್ತು ಸಿಲೋನ್ ಪ್ರವಾಸ ಕೈಗೊಂಡರು. ತಮ್ಮ ಜನರನ್ನು ಗುಲಾಮರನ್ನಾಗಿಸಿದವರ ಧರ್ಮವನ್ನು ತಾವು ಏಕೆ ಅನುಸರಿಸುತ್ತೀರಿ ಎಂದು ಕೊಲಂಬೊದಲ್ಲಿ ಒಬ್ಬರು ಅವರನ್ನು ಪ್ರಶ್ನಿಸಿದರು. ಈ ಪ್ರಶ್ನೆಯು ಥರ್ಮನ್‌ರನ್ನು ಬಹುಕಾಲ ಕಾಡಿತು. 1949ರಲ್ಲಿ ಪ್ರಕಟವಾದ 'ಜೀಸಸ್ ಆಂಡ್ ದಿ ಡಿಸ್‌ಇನ್‌ಹೆರಿಟೆಡ್' ಕೃತಿಯಲ್ಲಿ, ಯೇಸುವು ರೋಮನ್ ಆಳ್ವಿಕೆಯಡಿ ಬಾಳಿದ ಬಡ ಯೆಹೂದ್ಯನಾಗಿದ್ದನು, ಆತನ ಬೋಧನೆಯು ಗೋಡೆಗೆ ಬೆನ್ನೊತ್ತಿ ನಿಂತ ನಿರ್ಗತಿಕರಿಗಾಗಿಯೇ ಇರುವುದು ಎಂದು ಅವರು ಉತ್ತರಿಸಿದರು. 1936ರಲ್ಲಿ ಗುಜರಾತಿನ ಬಾರ್ಡೋಲಿಯಲ್ಲಿ ಗಾಂಧೀಜಿಯವರನ್ನು ಭೇಟಿಯಾದಾಗ, ಅವರ ಕೋರಿಕೆಯಂತೆ ಥರ್ಮನ್‌ರ ಪತ್ನಿ ಸ್ಯೂ ಬೇಲಿ ಥರ್ಮನ್ ಕ್ರಿಸ್ತನ ಶಿಲುಬೆಮರಣವನ್ನು ಕುರಿತ ಸ್ಪಿರಿಚುವಲ್ ಒಂದನ್ನು ಹಾಡಿದರು.

'ವಿ ಶಲ್ ಓವರ್‌ಕಮ್' ಗೀತೆಯ ಹಿನ್ನೆಲೆಯಲ್ಲಿಯೂ ಕಪ್ಪು ಜನರ ಚರ್ಚಿನ ಹಾಡುಗಳಿವೆ. 1945–46ರಲ್ಲಿ ಚಾರ್ಲ್ಸ್‌ಟನ್‌ನ ತಂಬಾಕು ಕಾರ್ಮಿಕರು ಮುಷ್ಕರದ ವೇಳೆ ಇದರ ಒಂದು ರೂಪವನ್ನು ಹಾಡಿದರು. ಅಲ್ಲಿಂದ ಅದು ನಾಗರಿಕ ಹಕ್ಕುಗಳ ಚಳವಳಿಗೂ, ಮುಂದೆ ಭಾರತಕ್ಕೂ ಬಂದಿತು. ಹಿಂದಿಯಲ್ಲಿ ಗಿರಿಜಾಕುಮಾರ್ ಮಾಥುರ್ ಇದನ್ನು ರೂಪಾಂತರಿಸಿದರು. ಇದರ ಕನ್ನಡ ರೂಪವು ಕರ್ನಾಟಕದ ಶಾಲೆಗಳಲ್ಲಿಯೂ ಜನಪರ ಚಳವಳಿಗಳಲ್ಲಿಯೂ ಹಾಡಲ್ಪಡುತ್ತಿದೆ.

ಇತ್ತೀಚಿನ ಬೆಳವಣಿಗೆಗಳು

1969ರಲ್ಲಿ ಎಡ್ವಿನ್ ಹಾಕಿನ್ಸ್ ತಂಡದ 'ಓ ಹ್ಯಾಪಿ ಡೇ' ಎಂಬ ಗಾಸ್ಪೆಲ್ ಗೀತೆಯು ಜನಪ್ರಿಯ ಗೀತೆಗಳ ಪಟ್ಟಿಯಲ್ಲಿ ಮೇಲಕ್ಕೇರಿತು. ರಾಪ್ ಸಂಗೀತದಲ್ಲಿ ಕಾನ್ಯೆ ವೆಸ್ಟ್‌ನ 'ಜೀಸಸ್ ವಾಕ್ಸ್' (2004) ಮತ್ತು ದೇವರನ್ನು ನೆನೆಯುವ ಕೆಂಡ್ರಿಕ್ ಲಾಮರ್‌ನ 'ಆಲ್‌ರೈಟ್' (2015) ಈ ಪರಂಪರೆಯನ್ನು ಮುಂದುವರಿಸಿವೆ. ಪೊಲೀಸ್ ದೌರ್ಜನ್ಯದ ವಿರುದ್ಧದ ಪ್ರತಿಭಟನೆಗಳಲ್ಲಿ ಯುವಜನರು ಲಾಮರ್‌ನ ಗೀತೆಯನ್ನು ಒಟ್ಟಾಗಿ ಹಾಡಿದ್ದುಂಟು.

ಭಕ್ತಿಯ ಹಾಡನ್ನು ಮನರಂಜನೆಗೆ ಬಳಸಬಹುದೇ, ಒಂದು ಜನಾಂಗದ ನೋವಿನಿಂದ ಹುಟ್ಟಿದ ಹಾಡಿನ ಮೇಲೆ ಯಾರಿಗೆ ಹಕ್ಕಿದೆ ಎಂಬ ಪ್ರಶ್ನೆಗಳು ಫಿಸ್ಕ್ ವಿದ್ಯಾರ್ಥಿಗಳ ಕಾಲದಿಂದಲೂ ಚರ್ಚೆಯಲ್ಲಿವೆ. ಕಪ್ಪು ಅಮೆರಿಕನ್ನರ ಚರ್ಚುಗಳಲ್ಲಿ ಈ ಗೀತೆಗಳು ಈಗಲೂ ಭಾನುವಾರದ ಆರಾಧನೆಯ ಅಂಗವಾಗಿವೆ.